ಫೋನಿನಲ್ಲಿ ಬರುವ ಸುಳ್ಳು ಸರ್ಕಾರ

ಅಮೆರಿಕಕ್ಕೆ ಹೊಸದಾಗಿ ಬಂದವರಿಗೆ ಬ್ಯಾಂಕ್ ಅಕೌಂಟ್ ತೆರೆಯುವುದು, ಮನೆ ಬಾಡಿಗೆಗೆ ಹಿಡಿಯುವುದು, ಡ್ರೈವಿಂಗ್ ಲೈಸೆನ್ಸ್ ಮಾಡಿಸುವುದು, ಇದನ್ನೆಲ್ಲ ಮೊದಲೇ ಬಂದವರು ಕೂರಿಸಿಕೊಂಡು ಹೇಳಿಕೊಡುತ್ತಾರೆ. ಸರ್ಕಾರದವರು ಅಂತ ಹೇಳಿಕೊಂಡು ಯಾರಾದರೂ ಫೋನ್ ಮಾಡಿದರೆ ಏನು ಮಾಡಬೇಕು ಅನ್ನುವುದನ್ನು ಮಾತ್ರ ಯಾರೂ ಹೇಳುವುದಿಲ್ಲ. ಮೊದಲ ವಾರದಲ್ಲೇ ಹೇಳಬೇಕಾದ ಮಾತು ಅದು.

ನಾನಿರುವುದು ಟೆಕ್ಸಾಸಿನಲ್ಲಿ, ಡಾಲಸ್ ಹತ್ತಿರ. ಇಲ್ಲಿ ಇಂಥ ಕರೆ ಬಾರದ ವಾರವಿಲ್ಲ. ನನ್ನ ನಂಬರ್ 469ರಿಂದ ಶುರುವಾಗುತ್ತದೆ. ಬರುವ ಕರೆಯೂ 469ರಿಂದಲೇ ಶುರು. ಮಕ್ಕಳ ಸ್ಕೂಲಿನವರೋ, ಡಾಕ್ಟರ್ ಕಡೆಯವರೋ ಇರಬೇಕು ಅಂತ ಎತ್ತುತ್ತೇವೆ. ಅವರಿಗೆ ಬೇಕಿರುವುದೂ ಅದೇ. ನಮ್ಮ ಫೋನಿನಲ್ಲಿ ಯಾವ ನಂಬರ್ ಕಾಣಬೇಕು ಅನ್ನುವುದನ್ನು ಕರೆ ಮಾಡುವವರು ಕಂಪ್ಯೂಟರಿನಲ್ಲಿ ಬೇಕಾದಂತೆ ಬದಲಾಯಿಸಿಕೊಳ್ಳಬಹುದು. ಕರೆ ಎಲ್ಲಿಂದಲೋ ಬಂದಿರುತ್ತದೆ, ನಂಬರ್ ಮಾತ್ರ ನಮ್ಮೂರಿನದು.

ಎತ್ತಿದರೆ ಮೊದಲು ರೆಕಾರ್ಡ್ ಮಾಡಿಟ್ಟ ದನಿ. ನಿಮ್ಮ ಸೋಶಿಯಲ್ ಸೆಕ್ಯೂರಿಟಿ ನಂಬರ್ (ಕೆಲಸಕ್ಕೂ ತೆರಿಗೆಗೂ ಬೇಕಾಗುವ ಇಲ್ಲಿನ ಸರ್ಕಾರಿ ಸಂಖ್ಯೆ) ಸಸ್ಪೆಂಡ್ ಆಗಿದೆ, ಅಧಿಕಾರಿ ಜೊತೆ ಮಾತಾಡಲು ಒಂದನ್ನು ಒತ್ತಿ ಅನ್ನುತ್ತದೆ. ಒತ್ತಿದರೆ ಕಥೆ ಶುರುವಾಗುತ್ತದೆ. ನಿಮ್ಮ ಹೆಸರಿನಲ್ಲಿ ಬಾಡಿಗೆಗೆ ತೆಗೆದುಕೊಂಡ ಕಾರು ಮೆಕ್ಸಿಕೋ ಗಡಿ ಹತ್ತಿರ ಸಿಕ್ಕಿದೆ, ಒಳಗೆ ರಕ್ತದ ಕಲೆ ಇತ್ತು, ಡ್ರಗ್ಸ್ ಇತ್ತು, ವಾರಂಟ್ ಹೊರಟಿದೆ. ಮಾತಾಡುವವನು ತನ್ನ ಬ್ಯಾಡ್ಜ್ ನಂಬರ್ ಕೊಡುತ್ತಾನೆ, ಕೇಸ್ ನಂಬರ್ ಕೊಡುತ್ತಾನೆ, ಪೆನ್ನು ಪೇಪರ್ ತಂದು ಬರೆದುಕೊಳ್ಳಿ ಅನ್ನುತ್ತಾನೆ. ಬರೆದುಕೊಳ್ಳುತ್ತಾ ಹೋದ ಹಾಗೆ ಎಲ್ಲವೂ ನಿಜ ಅನಿಸತೊಡಗುತ್ತದೆ.

ಸೋಶಿಯಲ್ ಸೆಕ್ಯೂರಿಟಿ ನಂಬರನ್ನು ಸಸ್ಪೆಂಡ್ ಮಾಡುವ ಪದ್ಧತಿಯೇ ಇಲ್ಲಿಲ್ಲ. ತೆರಿಗೆ ಇಲಾಖೆ, ಅಂದರೆ ಐಆರ್‌ಎಸ್, ಬಾಕಿ ಇದ್ದರೆ ಸಾಮಾನ್ಯವಾಗಿ ಮೊದಲು ಅಂಚೆಯಲ್ಲಿ ಪತ್ರ ಕಳಿಸುತ್ತದೆ. ವಿದ್ಯಾರ್ಥಿಗಳಿಗೆ ಫೋನ್ ಮಾಡಿ ‘ಫೆಡರಲ್ ಸ್ಟೂಡೆಂಟ್ ಟ್ಯಾಕ್ಸ್’ ಕಟ್ಟಿಲ್ಲ ಅಂತ ಗದರಿಸುವುದೂ ಉಂಟು. ಅಂಥ ತೆರಿಗೆಯೇ ಇಲ್ಲ ಅಂತ ಐಆರ್‌ಎಸ್ 2016ರಲ್ಲೇ ಎಚ್ಚರಿಸಿತ್ತು. ಆದರೆ ಬಂದು ನಾಲ್ಕು ತಿಂಗಳಾದ ಹುಡುಗನಿಗೆ ಇದು ಹೇಗೆ ಗೊತ್ತಿರಬೇಕು?

ಈ ಹೆದರಿಕೆ ನಮ್ಮಂಥವರ ಮೇಲೆ ಜಾಸ್ತಿ ಕೆಲಸ ಮಾಡುತ್ತದೆ. ಇಲ್ಲೇ ಹುಟ್ಟಿ ಬೆಳೆದವರು ಫೋನಿನಲ್ಲಿ ಯಾರಾದರೂ ಜೋರು ಮಾಡಿದರೆ ತಿರುಗಿ ಜೋರು ಮಾಡುತ್ತಾರೆ. ವೀಸಾದಲ್ಲಿ ಇರುವವರು ಹಾಗಲ್ಲ. ಒಂದು ಫಾರ್ಮ್ ತಪ್ಪಿದ್ದರೆ, ಒಂದು ತಾರೀಖು ಮೀರಿದ್ದರೆ ವಾಪಸ್ ಕಳಿಸಿಬಿಡುತ್ತಾರೆ ಅನ್ನುವ ಅಳುಕು ಒಳಗೆ ಯಾವಾಗಲೂ ಇರುತ್ತದೆ. ಮನೆಯವರು ಸಾಲ ಮಾಡಿ ಓದಲು ಕಳಿಸಿದ್ದರಂತೂ ಕೇಳುವುದೇ ಬೇಡ. ಈ ಅಳುಕು ಎಲ್ಲಿದೆ ಅನ್ನುವುದು ಆ ಕಡೆ ಕೂತವನಿಗೆ ಚೆನ್ನಾಗಿ ಗೊತ್ತು.

ನಮ್ಮ ಅಪಾರ್ಟ್‌ಮೆಂಟಿನಲ್ಲಿ ಎಂಎಸ್ ಓದಲು ಬಂದ ಹಾಸನದ ಹುಡುಗಿಯೊಬ್ಬಳಿದ್ದಾಳೆ. ಒಂದು ಮಧ್ಯಾಹ್ನ ಬಾಗಿಲು ತಟ್ಟಿ, “ಅಕ್ಕ, ಸ್ವಲ್ಪ ಅಂಗಡಿ ತನಕ ಬಿಡ್ತೀರಾ? ಅರ್ಜೆಂಟ್ ಇದೆ” ಅಂದಳು. ಮುಖ ಬಿಳುಚಿಕೊಂಡಿತ್ತು. ಏನು ತರಬೇಕು ಅಂದರೆ “ಗಿಫ್ಟ್ ಕಾರ್ಡ್” ಅಂದಳು. ಅವಳ ಕೈಯಲ್ಲಿದ್ದ ಫೋನ್ ಮ್ಯೂಟ್ ಆಗಿತ್ತು, ಆದರೆ ಕರೆ ಇನ್ನೂ ನಡೆಯುತ್ತಿತ್ತು. ಒಂದು ಗಂಟೆ ದಾಟಿದೆ ಅಂತ ಪರದೆ ತೋರಿಸುತ್ತಿತ್ತು. “ಇಡಬೇಡ ಅಂದಿದ್ದಾರೆ ಅಕ್ಕ. ಇಟ್ಟರೆ ಪೊಲೀಸ್ ಕಳಿಸ್ತಾರಂತೆ. ಯಾರಿಗೂ ಹೇಳಬಾರದಂತೆ” ಅಂತ ಪಿಸುಗುಟ್ಟಿದಳು. ಅವಳಿಗೆ ಕಾರಿರಲಿಲ್ಲ. ಇದ್ದಿದ್ದರೆ ಅಷ್ಟರಲ್ಲಿ ಅಂಗಡಿಗೆ ಹೋಗಿ ಮುಗಿಸಿಬಿಡುತ್ತಿದ್ದಳು.

ನಾನೇ ಫೋನ್ ತೆಗೆದುಕೊಂಡು ಕಟ್ ಮಾಡಿದೆ. ಮರುಕ್ಷಣವೇ ಮತ್ತೆ ರಿಂಗ್ ಆಯಿತು. ಮತ್ತೆ ಕಟ್ ಮಾಡಿದೆ. ಆಮೇಲೆ ನಮ್ಮ ಊರಿನ ಪೊಲೀಸ್ ಠಾಣೆಯ ನಂಬರಿನಿಂದಲೇ ಕರೆ ಬಂತು. ಅದನ್ನು ನೋಡಿ ಅವಳಿಗೆ ಅಳುವೇ ಬಂದುಬಿಟ್ಟಿತು. ಅದನ್ನೂ ಎತ್ತಲಿಲ್ಲ. ಊರಿನ ವೆಬ್‌ಸೈಟ್ ತೆರೆದು, ಠಾಣೆಯ ನಂಬರ್ ಹುಡುಕಿ, ನಾವೇ ಕರೆ ಮಾಡಿದೆವು. ಆ ಕಡೆ ಇದ್ದ ಅಧಿಕಾರಿ ಸಮಾಧಾನದಿಂದ ಎಲ್ಲ ಕೇಳಿಸಿಕೊಂಡರು. ನಿಮಗೆ ಇಲ್ಲಿಂದ ಯಾರೂ ಕರೆ ಮಾಡಿಲ್ಲ, ಪೊಲೀಸರು ಫೋನಿನಲ್ಲಿ ದುಡ್ಡು ಕೇಳುವುದಿಲ್ಲ, ಯೋಚನೆ ಮಾಡಬೇಡಿ ಅಂದರು. ಆಗಲೇ ಅವಳು ಸೋಫಾ ಮೇಲೆ ಕೂತು ನೀರು ಕುಡಿದದ್ದು.

ದುಡ್ಡು ಹೋಗಿರಲಿಲ್ಲ, ಆದರೆ ವಿಳಾಸ, ಕಾಲೇಜು, ಸೋಶಿಯಲ್ ಸೆಕ್ಯೂರಿಟಿ ನಂಬರ್ ಎಲ್ಲ ಹೇಳಿಬಿಟ್ಟಿದ್ದಳು. ಅವತ್ತೇ ಸಂಜೆ ಕೂತು, ಜನರ ಸಾಲದ ದಾಖಲೆ ಇಡುವ ಕಂಪನಿಗಳಾದ ಈಕ್ವಿಫ್ಯಾಕ್ಸ್, ಎಕ್ಸ್‌ಪೀರಿಯನ್, ಟ್ರಾನ್ಸ್‌ಯೂನಿಯನ್ ಮೂರರಲ್ಲೂ ಕ್ರೆಡಿಟ್ ಫ್ರೀಜ್ ಮಾಡಿದೆವು. ಹೀಗೆ ಮಾಡಿದರೆ ಅವಳ ಹೆಸರಿನಲ್ಲಿ ಬೇರೆಯವರು ಸಾಲ ಎತ್ತುವುದು, ಕಾರ್ಡ್ ಮಾಡಿಸುವುದು ಕಷ್ಟ. 2018ರಿಂದ ಇದು ಪೂರ್ತಿ ಉಚಿತ. ನಮ್ಮವರಲ್ಲಿ ಎಷ್ಟೋ ಜನಕ್ಕೆ ಇದು ಗೊತ್ತೇ ಇಲ್ಲ.

ಗಿಫ್ಟ್ ಕಾರ್ಡೇ ಯಾಕೆ ಅಂತ ಕೇಳಬಹುದು. ಕಾರ್ಡಿನ ಹಿಂದೆ ಉಜ್ಜಿದರೆ ಕಾಣುವ ಅಂಕಿಗಳನ್ನು ಫೋನಿನಲ್ಲಿ ಓದಿ ಹೇಳಿದರೆ ಸಾಕು, ನಿಮಿಷಗಳಲ್ಲಿ ದುಡ್ಡು ಖಾಲಿ. ಬ್ಯಾಂಕಿನ ಹಾಗೆ ತಡೆಹಿಡಿಯುವವರು ಯಾರೂ ಇಲ್ಲ. ಯಾವ ಸರ್ಕಾರಿ ಇಲಾಖೆಯೂ ಗಿಫ್ಟ್ ಕಾರ್ಡಿನಲ್ಲಿ ದಂಡ ಕಟ್ಟಿಸಿಕೊಳ್ಳುವುದಿಲ್ಲ. ಅಕಸ್ಮಾತ್ ಅಂಕಿ ಹೇಳಿಬಿಟ್ಟಿದ್ದರೆ ಕಾರ್ಡು ಮತ್ತು ರಸೀದಿ ಎಸೆಯಬೇಡಿ. ತಕ್ಷಣ ಆ ಕಾರ್ಡ್ ಕಂಪನಿಗೆ ಫೋನ್ ಮಾಡಿ. ಒಮ್ಮೊಮ್ಮೆ ಉಳಿದ ದುಡ್ಡನ್ನು ತಡೆಯಲು ಆಗುತ್ತದೆ.

ಇನ್ನೊಂದು ವಿಷಯ ಹೇಳಲೇಬೇಕು. ಈ ಕರೆಗಳಲ್ಲಿ ಎಷ್ಟೋ ಸಲ ಆ ಕಡೆಯ ದನಿ ನಮ್ಮ ದೇಶದವರದೇ ಆಗಿರುತ್ತದೆ. 2016ರ ಅಕ್ಟೋಬರಿನಲ್ಲಿ ಮಹಾರಾಷ್ಟ್ರದ ಥಾಣೆ ನಗರದ ಪೊಲೀಸರು ಮುಂಬೈ ಪಕ್ಕದ ಮೀರಾ ರೋಡಿನ ಕಾಲ್ ಸೆಂಟರುಗಳ ಮೇಲೆ ದಾಳಿ ಮಾಡಿ ನೂರಾರು ಜನರನ್ನು ಹಿಡಿದರು. ಐಆರ್‌ಎಸ್ ಅಂತ ಹೇಳಿ ಅಮೆರಿಕದವರನ್ನು ಹೆದರಿಸುವುದೇ ಅಲ್ಲಿನ ಕೆಲಸವಾಗಿತ್ತು. ಅದೇ ತಿಂಗಳು ಅಮೆರಿಕದ ನ್ಯಾಯ ಇಲಾಖೆ ಅಹಮದಾಬಾದಿನ ಕಾಲ್ ಸೆಂಟರುಗಳ ಮೇಲೆ ಕೇಸು ಹಾಕಿತು. 2018ರಲ್ಲಿ ನಮ್ಮ ಟೆಕ್ಸಾಸಿನ ಹ್ಯೂಸ್ಟನ್ ಕೋರ್ಟಿನಲ್ಲಿ ಆ ಜಾಲದ 20ಕ್ಕೂ ಹೆಚ್ಚು ಜನಕ್ಕೆ ಶಿಕ್ಷೆಯಾಯಿತು, ಗರಿಷ್ಠ 20 ವರ್ಷ. ಹಣ ಕಳೆದುಕೊಂಡವರಲ್ಲಿ ವಯಸ್ಸಾದವರು ಇದ್ದರು, ನಮ್ಮ ಹಾಗೆ ವಲಸೆ ಬಂದವರೂ ಇದ್ದರು. ಓದಿದಾಗ ನನಗೆ ಹೊಟ್ಟೆ ಉರಿಯಿತು. ಹತ್ತಾರು ವರ್ಷ ಕಷ್ಟಪಟ್ಟು ದುಡಿದು ಇಲ್ಲಿ ನಮ್ಮವರು ಗಳಿಸಿದ ಒಳ್ಳೆ ಹೆಸರಿಗೂ ಇದರಿಂದ ಪೆಟ್ಟು ಬಿದ್ದಿದೆ.

ಇಲ್ಲಿನ ಸರ್ಕಾರ ಸುಮ್ನೆ ಕೂತಿಲ್ಲ. 2019ರ ಕೊನೆಯಲ್ಲಿ ಟ್ರೇಸ್ಡ್ ಆ್ಯಕ್ಟ್ ಅನ್ನುವ ಕಾನೂನು ಬಂತು. ಅದರಂತೆ ದೊಡ್ಡ ಫೋನ್ ಕಂಪನಿಗಳು 2021ರ ಜೂನ್ ಕೊನೆಯೊಳಗೆ ಕರೆಯ ನಂಬರ್ ಅಸಲಿಯೋ ನಕಲಿಯೋ ಪರೀಕ್ಷಿಸುವ ವ್ಯವಸ್ಥೆ ತರಬೇಕಾಯಿತು. ಈಗ ಕೆಲವು ಕರೆಗಳಿಗೆ ‘ಸ್ಕ್ಯಾಮ್ ಲೈಕ್ಲಿ’, ಅಂದರೆ ಮೋಸವಿರಬಹುದು ಅಂತ ಕಾಣುತ್ತದೆ. ಆದರೆ ಹಳೆಯ ಲೈನುಗಳ ಮೂಲಕ, ಹೊರದೇಶಗಳಿಂದ ಬರುವ ಕರೆಗಳು ಇನ್ನೂ ನುಸುಳುತ್ತವೆ. ಮಾರಾಟದ ಕರೆ ಬೇಡ ಅನ್ನುವವರ ‘ಡು ನಾಟ್ ಕಾಲ್’ ಪಟ್ಟಿಗೆ ನಂಬರ್ ಸೇರಿಸಬಹುದು, ಆದರೆ ಅದಕ್ಕೆ ಮರ್ಯಾದೆ ಕೊಡುವವರು ನೆಟ್ಟಗೆ ವ್ಯಾಪಾರ ಮಾಡುವ ಕಂಪನಿಗಳು ಮಾತ್ರ. ಕಳ್ಳ ಪಟ್ಟಿ ನೋಡಿ ಫೋನ್ ಮಾಡುವುದಿಲ್ಲ.

ಹಾಗಾಗಿ ಕೊನೆಗೆ ಉಳಿಯುವ ಉಪಾಯ ಒಂದೇ. ಫೋನ್ ಇಡುವುದು. ನಮಗೆ ಇದೇ ಕಷ್ಟ. ಅಧಿಕಾರಿ ಅಂದ ಕೂಡಲೇ ಸರ್, ಮೇಡಂ ಅಂತ ತಗ್ಗಿ ಮಾತಾಡುವುದು ನಮಗೆ ಅಭ್ಯಾಸ. ಮಾತಿನ ಮಧ್ಯೆ ಫೋನ್ ಇಟ್ಟರೆ ಅವಮರ್ಯಾದೆ ಅನ್ನಿಸುತ್ತದೆ. ಹಾಗೇನೂ ಇಲ್ಲ. ನಿಜವಾದ ಅಧಿಕಾರಿಯಾಗಿದ್ದರೆ ಇಲಾಖೆಯ ನಂಬರನ್ನು ನೀವೇ ಹುಡುಕಿ ತಿರುಗಿ ಮಾಡಿದಾಗ ಸಿಕ್ಕೇ ಸಿಗುತ್ತಾರೆ. ಇಡಬೇಡಿ, ಯಾರಿಗೂ ಹೇಳಬೇಡಿ ಅಂದರೆ ಅಲ್ಲಿಗೆ ಗೊತ್ತಾಯಿತಲ್ವಾ? ಪಟ್ಟಿಯಿಂದ ಹೆಸರು ತೆಗೆಸಲು ಎರಡು ಒತ್ತಿ ಅಂದರೂ ಒತ್ತಬೇಡಿ. ಈ ನಂಬರಿನಲ್ಲಿ ಜನ ಇದ್ದಾರೆ ಅಂತ ಅವರಿಗೆ ತಿಳಿಯುತ್ತದೆ, ಅಷ್ಟೆ. ಕೆಲವರು ಮಜಾಕ್ಕೆ ಅವರ ಜೊತೆ ಗಂಟೆಗಟ್ಟಲೆ ವಾದ ಮಾಡುತ್ತಾರೆ. ನನಗೆ ಅದು ಸರಿ ಕಾಣುವುದಿಲ್ಲ. ನಮ್ಮ ಹೆಸರು, ದನಿ, ನಂಬರ್ ಅವರ ಹತ್ತಿರ ಉಳಿಯುವುದೇ ಬೇಡ. ಮೋಸದ ಮೆಸೇಜ್ ಬಂದರೆ ಫೋನ್ ಕಂಪನಿಗೆ ದೂರು ಮುಟ್ಟಿಸುವ 7726 ನಂಬರಿಗೆ ಫಾರ್ವರ್ಡ್ ಮಾಡಿ. ಕರೆಗಳ ಬಗ್ಗೆ ಗ್ರಾಹಕರ ರಕ್ಷಣೆ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಎಫ್‌ಟಿಸಿಗೆ ಆನ್‌ಲೈನಿನಲ್ಲಿ ದೂರು ಕೊಡಬಹುದು. ಐದು ನಿಮಿಷದ ಕೆಲಸ.

ವಾಷಿಂಗ್ಟನ್ನಿನ ನಮ್ಮ ರಾಯಭಾರ ಕಚೇರಿಯ ನಂಬರನ್ನೂ ಇವರು ಬಿಟ್ಟಿಲ್ಲ. ಪಾಸ್‌ಪೋರ್ಟಿನಲ್ಲಿ ತಪ್ಪಿದೆ, ವೀಸಾ ಫಾರ್ಮಿನಲ್ಲಿ ತಪ್ಪಿದೆ, ದುಡ್ಡು ಕಟ್ಟಿದರೆ ಸರಿ ಮಾಡುತ್ತೇವೆ ಅನ್ನುತ್ತಾರೆ. ಅಂಥ ಕರೆ ನಮ್ಮದಲ್ಲ ಅಂತ ರಾಯಭಾರ ಕಚೇರಿ 2018ರಲ್ಲೇ ಪ್ರಕಟಣೆ ಕೊಟ್ಟಿತ್ತು.

ಊರಲ್ಲಿರುವ ಅಪ್ಪ ಅಮ್ಮಂದಿರಿಗೂ ಇದರಲ್ಲಿ ಪಾಲಿದೆ. ಅಲ್ಲಿ ವಿಡಿಯೋ ಕರೆಯಲ್ಲೇ ಬಂಧಿಸಿದ್ದೇವೆ, ಇದು ‘ಡಿಜಿಟಲ್ ಅರೆಸ್ಟ್’ ಅಂತ ಹೆದರಿಸುತ್ತಾರೆ. ಕಾನೂನಿನಲ್ಲಿ ಹಾಗೊಂದು ಬಂಧನವೇ ಇಲ್ಲ. ಅಂಥ ಕರೆಗೆ ದುಡ್ಡು ಹೋಗಿದ್ದರೆ ಭಾರತದ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ತಡಮಾಡದೆ ಫೋನ್ ಮಾಡಬೇಕು. ಇನ್ನೊಂದು ಬಗೆ ನಮ್ಮ ಮಕ್ಕಳ ಹೆಸರಿನಲ್ಲಿ ಬರುತ್ತದೆ. ನಿಮ್ಮ ಮಗ ಅಮೆರಿಕದಲ್ಲಿ ಆಕ್ಸಿಡೆಂಟ್ ಮಾಡಿದ್ದಾನೆ, ಪೊಲೀಸ್ ಹಿಡಿದಿದ್ದಾರೆ, ಈಗಲೇ ದುಡ್ಡು ಹಾಕಿ. ಈಗ ಕಂಪ್ಯೂಟರಿನಲ್ಲಿ ಮಗನ ದನಿಯನ್ನೇ ಹೋಲುವ ದನಿ ಮಾಡಿ ಅಳಿಸಲೂ ಬರುತ್ತದೆ. ದನಿ ಕೇಳಿದೆ ಅಂತ ನಂಬಬೇಡಿ. ಇಲ್ಲಿ ನಿಜವಾಗಿಯೂ ಬಂಧನವಾದರೆ ನಮ್ಮ ಕಾನ್ಸುಲೇಟಿಗೆ ತಿಳಿಸಿ ಅಂತ ಕೇಳುವ ಹಕ್ಕು 1963ರ ವಿಯೆನ್ನಾ ಒಪ್ಪಂದದಂತೆ ಇದೆ. ಪೊಲೀಸರು ನಿಮ್ಮ ಮನೆಗೆ ಫೋನ್ ಮಾಡಿ ಯುಪಿಐಗೆ ಹಾಕಿ ಅನ್ನುವುದಿಲ್ಲ.

ಇವರು ಕರೆ ಮಾಡುವುದು ನಿಮ್ಮ ಹಗಲಿನಲ್ಲಿ. ಆಗ ಇಲ್ಲಿ ರಾತ್ರಿ, ಮಕ್ಕಳು ಫೋನ್ ಸೈಲೆಂಟಿಗೆ ಹಾಕಿ ಮಲಗಿರುತ್ತಾರೆ. ನೀವು ಮಾಡಿದರೆ ಎತ್ತುವುದಿಲ್ಲ, ನಿಮಗೆ ಇನ್ನೂ ಗಾಬರಿ. ಅದಕ್ಕೇ ರೂಮ್‌ಮೇಟಿನ ನಂಬರ್, ಹತ್ತಿರ ಇರುವ ಇನ್ನೊಂದು ಕನ್ನಡದ ಮನೆಯವರ ನಂಬರ್ ಇವತ್ತೇ ಕೇಳಿ ಬರೆದಿಟ್ಟುಕೊಳ್ಳಿ. ಗಾಬರಿಯಾದರೆ ಅವರಿಗೆ ಮಾಡಿ, ಹೋಗಿ ಬಾಗಿಲು ತಟ್ಟಿ ನೋಡಿ ಬರುತ್ತಾರೆ. ರಾತ್ರಿ ಎರಡು ಗಂಟೆಗೆ ಎಬ್ಬಿಸಿದರೂ ಇಲ್ಲಿ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.