ಪಿಡಿ ಸರ್, ರೈಟ್ ವಿಂಗ್ ಮತ್ತು ಪರ್ತ್‌ನ ರಯಾನ್

ಕಾಲೇಜಿನ ಸಂಚಿಕೆಗೆ ಏನಾದರೂ ನೆನಪು ಬರೆದು ಕೊಡಿ ಅಂತ ಕೇಳಿದಾಗ ನನಗೆ ಕ್ಲಾಸ್‌ರೂಮ್ ನೆನಪಾಗಲಿಲ್ಲ. ಮೈದಾನದ ಬಲಗಡೆಯ ಸುಣ್ಣದ ಗೆರೆ ನೆನಪಾಯಿತು. ಮೂರು ವರ್ಷ ಆ ಗೆರೆಯ ಪಕ್ಕದಲ್ಲೇ ಕಳೆದವನು ನಾನು. ಅರ್ಧ ಕಾಲ ಗೆರೆಯ ಒಳಗೆ, ಇನ್ನರ್ಧ ಕಾಲ ಹೊರಗೆ ಬೆಂಚಿನ ಮೇಲೆ.

ನನ್ನನ್ನು ಕಾಲೇಜು ಫುಟ್‌ಬಾಲ್ ಟೀಮ್‌ನ ರೈಟ್ ವಿಂಗ್‌ಗೆ, ಅಂದರೆ ಮೈದಾನದ ಬಲ ಅಂಚಿಗೆ, ಹಾಕಿದ್ದು ದೈಹಿಕ ಶಿಕ್ಷಣದ ಪಿಡಿ ಸರ್. ಕಾರಣ ಕೇಳಿದರೆ ನಗುತ್ತೀರಿ. ಮೊದಲ ದಿನದ ಟ್ರಯಲ್ಸ್‌ನಲ್ಲಿ ನನಗೆ ಬಾಲ್ ಕಂಟ್ರೋಲ್ ಬರುವುದಿಲ್ಲ ಅಂತ ಅವರಿಗೆ ಐದೇ ನಿಮಿಷದಲ್ಲಿ ಗೊತ್ತಾಯಿತು, ಆದರೆ ಓಡುತ್ತೇನೆ ಅಂತಲೂ ಗೊತ್ತಾಯಿತು. 'ನೀನು ಮಧ್ಯದಲ್ಲಿದ್ರೆ ನಮಗೇ ತೊಂದರೆ, ಅಲ್ಲಿ ಮೂಲೆಗೆ ಹೋಗಿ ನಿಂತ್ಕೋ' ಅಂದರು. ನಾನು ಅದನ್ನು ಬಡ್ತಿ ಅಂದುಕೊಂಡೆ. ವಿಂಗರ್ ಅಂದರೆ ಹೀರೋ ಅಲ್ವಾ? ಟಿವಿಯಲ್ಲಿ ನೋಡಿದ್ದು ಹಾಗೆಯೇ. ಬಾಲು ಬರುತ್ತದೆ, ಫುಲ್‌ಬ್ಯಾಕ್‌ನನ್ನು, ಅಂದರೆ ಆ ಅಂಚು ಕಾಯುವ ಡಿಫೆಂಡರನ್ನು, ಏಮಾರಿಸಿ ಗೆರೆಯುದ್ದಕ್ಕೂ ಓಡಬೇಕು, ಗೋಲಿನ ಮುಂದಕ್ಕೆ ಕ್ರಾಸ್ ಹಾಕಬೇಕು, ಜನ ಕೂಗಬೇಕು. ಸರ್ ಹೇಳುತ್ತಿದ್ದುದು ಬೇರೆ. 'ಬಾಲು ಬಂದಾಗ ಓಡೋದು ಎಲ್ಲರಿಗೂ ಬರುತ್ತೆ. ಬಾಲು ಕಳ್ಕೊಂಡ ಮೇಲೆ ಓಡು, ನೋಡೋಣ.' ನಾನು ಓಡುತ್ತಿರಲಿಲ್ಲ. ಸೊಂಟದ ಮೇಲೆ ಕೈ ಇಟ್ಟುಕೊಂಡು ನಿಲ್ಲುತ್ತಿದ್ದೆ. ಬೆಂಚಿನ ಮೇಲೆ ಜಾಸ್ತಿ ಕೂತಿದ್ದು ಅದಕ್ಕೇ ಅಂತ ಆಗ ಒಪ್ಪಿಕೊಂಡಿರಲಿಲ್ಲ.

ನನ್ನ ಕೊನೆಯ ವರ್ಷ 2013-14. ನಮ್ಮೂರಿನ ಫುಟ್‌ಬಾಲ್ ಕ್ಲಬ್ ಬೆಂಗಳೂರು ಎಫ್‌ಸಿ ಹುಟ್ಟಿದ್ದೂ ಅದೇ ಹೊತ್ತಿಗೆ. ಈಗ ಕಂಠೀರವದಲ್ಲಿ ನೋಡುವ ನಿಮಗೆ ಆಗಿನ ಅಶೋಕನಗರದ ಫುಟ್‌ಬಾಲ್ ಸ್ಟೇಡಿಯಂ ಊಹಿಸುವುದು ಕಷ್ಟ. ಚಿಕ್ಕದು, ಸಿಂಥೆಟಿಕ್ ಹುಲ್ಲು, ಮಧ್ಯದಲ್ಲಿ ಓಟದ ಟ್ರ್ಯಾಕ್ ಇಲ್ಲದ್ದರಿಂದ ಆಟಗಾರರ ಉಸಿರು ಕೇಳುವಷ್ಟು ಹತ್ತಿರ. ಮೊದಲ ಪಂದ್ಯ ಮೋಹನ್ ಬಗಾನ್ ವಿರುದ್ಧ, 1-1. ಕ್ಲಬ್‌ನ ಚರಿತ್ರೆಯಲ್ಲೇ ಮೊದಲ ಗೋಲು ಹೊಡೆದವನು ಶಾನ್ ರೂನಿ, ಆಸ್ಟ್ರೇಲಿಯಾದವನು. ಆ ವರ್ಷವೇ ಗೋವಾಕ್ಕೆ ಹೋಗಿ ಡೆಂಪೊ ತಂಡವನ್ನು 4-2ರಿಂದ ಸೋಲಿಸಿ, ಆಗ ದೇಶದ ಅಗ್ರ ಲೀಗ್ ಆಗಿದ್ದ ಐ-ಲೀಗ್ ಗೆದ್ದರು. ಹಾಸ್ಟೆಲ್‌ನಲ್ಲಿ ಆ ರಾತ್ರಿ ನಾವು ಮಾಡಿದ ಗಲಾಟೆಗೆ ವಾರ್ಡನ್ ಕೊಟ್ಟ ಮೆಮೊ ಇನ್ನೂ ನನ್ನ ಹತ್ತಿರ ಇದೆ.

ಶಾನ್ ರೂನಿ ಆದ ಮೇಲೆ ಕ್ಯಾಮೆರಾನ್ ವಾಟ್ಸನ್ ಬಂದ, ಆಮೇಲೆ ಎರಿಕ್ ಪಾರ್ಟಲು. ಎಲ್ಲರೂ ಆಸ್ಟ್ರೇಲಿಯಾದವರೇ. ಆದರೆ ನಾನು ಬರೆಯಬೇಕು ಅಂದುಕೊಂಡಿದ್ದು 2023ರಲ್ಲಿ ಬಂದವನ ಬಗ್ಗೆ. ರಯಾನ್ ವಿಲಿಯಮ್ಸ್. ರೈಟ್ ವಿಂಗರ್. (ಅವನು, ಬಂದ, ಹೋದ ಅಂತ ಬರೆಯುತ್ತಿದ್ದೇನೆ. ಸ್ಟ್ಯಾಂಡ್‌ನಲ್ಲಿ ಹಾಗೇ ಮಾತಾಡುವುದು, ಅಗೌರವ ಅಲ್ಲ.)

ಅವನು ಬಂದಾಗ ನನಗೇನೂ ಉತ್ಸಾಹ ಇರಲಿಲ್ಲ, ನಿಜ ಹೇಳಬೇಕು ಅಂದರೆ. ಮೂವತ್ತರ ಹತ್ತಿರದ ವಯಸ್ಸು, ಹೆಸರು ಕೇಳಿಲ್ಲ, ದೊಡ್ಡ ಕ್ಲಬ್‌ನಲ್ಲಿ ಮಿಂಚಿದವನೂ ಅಲ್ಲ. ಸುಮ್ನೆ ಕೂತು ಅವನು ಎಲ್ಲೆಲ್ಲಿ ಆಡಿದ್ದಾನೆ ಅಂತ ಓದುತ್ತಾ ಹೋದೆ. ಅದು ಒಂದು ಸಂಜೆ ಪೂರ್ತಿ ತಿಂದಿತು.

1993ರ ಅಕ್ಟೋಬರ್‌ನಲ್ಲಿ ಪರ್ತ್‌ನಲ್ಲಿ ಹುಟ್ಟಿದವನು. ಅವಳಿ. ಜೊತೆಗೆ ಹುಟ್ಟಿದ ಅರಿನ್ ಕೂಡ ಫುಟ್‌ಬಾಲ್ ಆಟಗಾರನೇ, ಮತ್ತು ತಮಾಷೆ ಏನೆಂದರೆ ರಯಾನ್‌ಗಿಂತ ಎಷ್ಟೋ ಮೊದಲೇ ಭಾರತಕ್ಕೆ ಬಂದು ಮಣಿಪುರದ ನೆರೋಕಾ ತಂಡಕ್ಕೆ ಐ-ಲೀಗ್ ಆಡಿದ್ದ. ದೊಡ್ಡಣ್ಣ ರೀಸ್ ಇಂಗ್ಲೆಂಡಿನ ಮಿಡಲ್ಸ್‌ಬರೋ ಕ್ಲಬ್‌ನಲ್ಲಿ ಡಿಫೆಂಡರ್, ಆಸ್ಟ್ರೇಲಿಯಾ ದೇಶದ ತಂಡಕ್ಕೂ ಆಡಿದವನು. ಮನೆ ತುಂಬಾ ಬೂಟು ಇದ್ದಿರಬೇಕು.

ರಯಾನ್ ಹದಿಹರೆಯದಲ್ಲೇ ಇಂಗ್ಲೆಂಡಿಗೆ ಹೋದ, ಪೋರ್ಟ್ಸ್‌ಮತ್ ಕ್ಲಬ್‌ಗೆ. ಹೋದ ಸಮಯ ಚೆನ್ನಾಗಿರಲಿಲ್ಲ. ಪೋರ್ಟ್ಸ್‌ಮತ್ 2008ರಲ್ಲಿ ಎಫ್‌ಎ ಕಪ್ ಗೆದ್ದ ಕ್ಲಬ್. ಎರಡೇ ವರ್ಷದಲ್ಲಿ ಸಾಲದಲ್ಲಿ ಮುಳುಗಿ ಪ್ರೀಮಿಯರ್ ಲೀಗ್‌ನಿಂದ ಕೆಳಗೆ ಬಿದ್ದಿತ್ತು. 2012ರ ಫೆಬ್ರವರಿಯಲ್ಲಿ ಮತ್ತೆ ದಿವಾಳಿ ಅಂಚಿಗೆ ಬಂತು. ಅದಕ್ಕೆ ತುಸು ಮೊದಲು, ಜನವರಿಯಲ್ಲಿ, ಹದಿನೆಂಟರ ಹುಡುಗ ರಯಾನ್ ಫುಲ್ಹಮ್ ಪಾಲಾದ. ಆಗ ಫುಲ್ಹಮ್ ಪ್ರೀಮಿಯರ್ ಲೀಗ್‌ನಲ್ಲಿತ್ತು. ಕೇಳಲು ಚೆನ್ನಾಗಿದೆ ಅಲ್ವಾ? ಆದರೆ ಅಲ್ಲಿ ಆಡುವ ಅವಕಾಶ ಸಿಗುವುದೇ ಅಪರೂಪ. ಲೋನ್ ಮೇಲೆ ಗಿಲ್ಲಿಂಗ್‌ಹ್ಯಾಮ್‌ಗೆ ಕಳಿಸಿದರು, ಆಕ್ಸ್‌ಫರ್ಡ್ ಯುನೈಟೆಡ್‌ಗೆ ಕಳಿಸಿದರು, ಬಾರ್ನ್ಸ್‌ಲಿಗೆ ಕಳಿಸಿದರು. ಲೋನ್ ಅಂದರೆ ಏನೂ ಇಲ್ಲ, ನಮ್ಮಮ್ಮ ಪಕ್ಕದ ಮನೆಗೆ ಇಡ್ಲಿ ಪಾತ್ರೆ ಕೊಡುತ್ತಿದ್ದ ಹಾಗೆ. ನಮಗೆ ಈಗ ಬೇಡ, ನೀವು ಇಟ್ಟುಕೊಳ್ಳಿ, ಬೇಕಾದಾಗ ಕೇಳುತ್ತೇವೆ. ಪಾತ್ರೆಗೆ ಬೇಜಾರಾಗುವುದಿಲ್ಲ, ಇಪ್ಪತ್ತು ವರ್ಷದ ಹುಡುಗನಿಗೆ ಆಗುತ್ತದೆ.

ಲೆಕ್ಕ ಹಾಕಿ ನೋಡಿದೆ. ನಾವು ಅಶೋಕನಗರದಲ್ಲಿ ರೂನಿ ರೂನಿ ಅಂತ ಗಂಟಲು ಹರಿದುಕೊಳ್ಳುತ್ತಿದ್ದ ಅದೇ 2013-14ರಲ್ಲಿ ರಯಾನ್ ಆಕ್ಸ್‌ಫರ್ಡ್‌ನಲ್ಲಿ, ಇಂಗ್ಲೆಂಡಿನ ನಾಲ್ಕನೇ ದರ್ಜೆಯ ಲೀಗ್‌ನಲ್ಲಿ, ಎರವಲು ಆಟಗಾರ. ಆಕ್ಸ್‌ಫರ್ಡ್‌ನಲ್ಲಿ ಓದಿದವರ ಬಗ್ಗೆ ನಮ್ಮ ಪ್ರಿನ್ಸಿಪಾಲರು ಪ್ರತಿ ಸಮಾರಂಭದಲ್ಲೂ ಹೇಳುತ್ತಿದ್ದರು. ಅಲ್ಲಿ ಆಡಿದವರ ಬಗ್ಗೆ ಯಾರೂ ಹೇಳಿರಲಿಲ್ಲ.

ಬಾರ್ನ್ಸ್‌ಲಿ 2015ರಲ್ಲಿ ಅವನನ್ನು ಪೂರ್ತಿಯಾಗಿ ತೆಗೆದುಕೊಂಡಿತು. ಅಲ್ಲಿ ಎರಡು ವರ್ಷ. 2017ರಲ್ಲಿ ರಾದರ್‌ಹ್ಯಾಮ್. ಈ ರಾದರ್‌ಹ್ಯಾಮ್ ಒಂದು ವಿಚಿತ್ರ ಕ್ಲಬ್, ಎರಡನೇ ಮತ್ತು ಮೂರನೇ ದರ್ಜೆಯ ಲೀಗ್‌ಗಳ ನಡುವೆ ಹಳೇ ಕಟ್ಟಡದ ಲಿಫ್ಟ್ ಇದ್ದ ಹಾಗೆ. 2018ರಲ್ಲಿ ಮೇಲೆ, 2019ರಲ್ಲಿ ಕೆಳಗೆ, 2020ರಲ್ಲಿ ಮೇಲೆ, 2021ರಲ್ಲಿ ಕೆಳಗೆ, 2022ರಲ್ಲಿ ಮತ್ತೆ ಮೇಲೆ. ರಯಾನ್ ಇದ್ದಿದ್ದು ಮೊದಲ ಸುತ್ತಿನಲ್ಲಿ. 2018ರ ಮೇನಲ್ಲಿ ವೆಂಬ್ಲಿಯಲ್ಲಿ ಶ್ರೂಸ್‌ಬರಿ ವಿರುದ್ಧ ಹೆಚ್ಚುವರಿ ಸಮಯದಲ್ಲಿ 2-1ರಿಂದ ಗೆದ್ದು ಎರಡನೇ ದರ್ಜೆಗೆ ಏರಿದರು. ಎರಡೂ ಗೋಲು ಹೊಡೆದವನು ಕ್ಯಾಪ್ಟನ್ ರಿಚರ್ಡ್ ವುಡ್, ಅವನು ಡಿಫೆಂಡರ್! ಮರುವರ್ಷವೇ ವಾಪಸ್ ಕೆಳಗೆ.

ಆದರೆ ಆ ಎರಡನೇ ದರ್ಜೆಯ ಒಂದು ವರ್ಷ ಅವನಿಗೆ ಒಂದು ಕರೆ ತಂದುಕೊಟ್ಟಿರಬೇಕು. 2019ರ ಜೂನ್ 7, ದಕ್ಷಿಣ ಕೊರಿಯಾದ ಬೂಸಾನ್. ಗ್ರಹಾಂ ಆರ್ನಾಲ್ಡ್ ಕೋಚ್ ಆಗಿದ್ದ ಆಸ್ಟ್ರೇಲಿಯಾ ತಂಡಕ್ಕೆ ರಯಾನ್ ಬದಲಿ ಆಟಗಾರನಾಗಿ ಇಳಿದ. ಸ್ನೇಹಪಂದ್ಯ. 1-0ರಿಂದ ಸೋತರು. ಅಷ್ಟೇ. ಆಸ್ಟ್ರೇಲಿಯಾಕ್ಕೆ ಅವನು ಆಡಿದ ಮೊದಲನೆಯದೂ ಕೊನೆಯದೂ ಅದೊಂದೇ ಪಂದ್ಯ. ಆ ಪಂದ್ಯ ಸ್ನೇಹಪಂದ್ಯ ಆಗಿದ್ದು ಆರು ವರ್ಷದ ಮೇಲೆ ಎಷ್ಟು ದೊಡ್ಡ ವಿಷಯ ಆಗುತ್ತದೆ ಅಂತ ಆವತ್ತು ಬೂಸಾನ್‌ನಲ್ಲಿ ಯಾರಿಗೆ ಗೊತ್ತಿತ್ತು?

ಅದೇ ವರ್ಷ ಮತ್ತೆ ಪೋರ್ಟ್ಸ್‌ಮತ್. ಅವನು ಬಿಟ್ಟುಹೋದ ಮೇಲೆ ಆ ಕ್ಲಬ್ ನಾಲ್ಕನೇ ದರ್ಜೆಗೆ ಇಳಿದು, ಅಭಿಮಾನಿಗಳೇ ಹಣ ಹಾಕಿ ಕೊಂಡು ನಾಲ್ಕು ವರ್ಷ ನಡೆಸಿ, ಮೂರನೇ ದರ್ಜೆಗೆ ಹತ್ತಿಸಿ, ಆಮೇಲೆ ಮಾರಿದ್ದರು. 2020ರಲ್ಲಿ ಕೋವಿಡ್‌ನಿಂದ ಲೀಗ್ ಅರ್ಧಕ್ಕೇ ನಿಂತಿತು, ಜುಲೈನಲ್ಲಿ ಮೇಲಿನ ದರ್ಜೆಗೆ ಏರುವವರು ಯಾರು ಅಂತ ತೀರ್ಮಾನಿಸುವ ಪ್ಲೇಆಫ್ ಮಾತ್ರ ಖಾಲಿ ಮೈದಾನದಲ್ಲಿ ಆಡಿಸಿದರು. ಪೋರ್ಟ್ಸ್‌ಮತ್ ಸೆಮಿಫೈನಲ್‌ನಲ್ಲಿ ಪೆನಾಲ್ಟಿಯಲ್ಲಿ ಸೋತಿತು. ಯಾರಿಗೆ? ಆಕ್ಸ್‌ಫರ್ಡ್ ಯುನೈಟೆಡ್‌ಗೆ. ಮರುವರ್ಷ ರಯಾನ್ ಹೋಗಿದ್ದೂ ಅದೇ ಆಕ್ಸ್‌ಫರ್ಡ್‌ಗೆ. ಈ ಸಲ ಎರವಲಲ್ಲ. ಒಂದು ವರ್ಷ ಅಲ್ಲಿದ್ದು 2022ರಲ್ಲಿ ಊರಿಗೆ ವಾಪಸ್, ಪರ್ತ್ ಗ್ಲೋರಿಗೆ. 2023ರಲ್ಲಿ ಬೆಂಗಳೂರು.

ಹೀಗೆ ಓದುತ್ತಾ ಹೋದಾಗ ನನಗೆ ಅನಿಸಿದ್ದು, ಇದು ಯಾರೂ ಗೋಡೆಗೆ ಪೋಸ್ಟರ್ ಅಂಟಿಸುವ ಕೆರಿಯರ್ ಅಲ್ಲ. ಆಟವನ್ನೇ ಹೊಟ್ಟೆಪಾಡು ಮಾಡಿಕೊಂಡ ಬಹುಪಾಲು ಜನರ ಬದುಕು ಹೀಗೇ ಇರುತ್ತದೆ. ಮಳೆ, ಬಸ್ಸು, ಕಾಂಟ್ರಾಕ್ಟ್ ಮುಗಿಯುವ ತಿಂಗಳು. ನಮಗೆ ಟಿವಿಯಲ್ಲಿ ಕಾಣುವವರು ಮೇಲಿನ ಕೆನೆ ಮಾತ್ರ.

ಬೆಂಗಳೂರಿನಲ್ಲಿ ಅವನ ಮೊದಲ ವರ್ಷ ನಮ್ಮ ತಂಡಕ್ಕೆ ಕೆಟ್ಟ ವರ್ಷ. ಡಿಸೆಂಬರ್‌ನಲ್ಲಿ ಕೋಚ್ ಸೈಮನ್ ಗ್ರೇಸನ್ ಹೋದರು, ಜೆರಾರ್ಡ್ ಸರಗೋಜಾ ಬಂದರು, ಇಂಡಿಯನ್ ಸೂಪರ್ ಲೀಗ್‌ನ (ಐಎಸ್‌ಎಲ್) ಹನ್ನೆರಡು ತಂಡಗಳಲ್ಲಿ ನಾವು ಹತ್ತನೆಯವರು. ಆಫೀಸಿನಿಂದ ನೇರ ಕಂಠೀರವಕ್ಕೆ ಹೋಗಿ ಸೋಲು ನೋಡಿ ಮೆಟ್ರೋ ಹತ್ತುವುದೇ ಕೆಲಸ ಆಗಿತ್ತು. ಅಂಥದ್ದೇ ಒಂದು ಸಂಜೆ ಬಾಲು ನಮ್ಮವರ ಕೈತಪ್ಪಿತು. ಎಲ್ಲರ ಕಣ್ಣೂ ಬಾಲಿನ ಮೇಲೆ. ನಾನು ಅಭ್ಯಾಸಬಲದಿಂದ ರೈಟ್ ವಿಂಗ್ ಕಡೆ ನೋಡಿದೆ. ರಯಾನ್ ಆಗಲೇ ತಿರುಗಿ ಓಡುತ್ತಿದ್ದ, ತಲೆ ತಗ್ಗಿಸಿ, ನಮ್ಮ ಫುಲ್‌ಬ್ಯಾಕ್‌ನ ಪಕ್ಕದವರೆಗೆ. ಆಮೇಲೆ ಪ್ರತಿ ಪಂದ್ಯದಲ್ಲೂ ಅದನ್ನೇ ನೋಡತೊಡಗಿದೆ. ಹಿಂದಕ್ಕೆ ಓಡುವುದು, ಮತ್ತೆ ಮುಂದಕ್ಕೆ ಬರುವುದು, ಅವನು ಬಿಡುವಾಗಿ ನಿಂತಿದ್ದಾಗ ಪಾಸು ಬಾರದಿದ್ದರೂ ಕೈ ಚೆಲ್ಲದೆ ಇರುವುದು. ಪಿಡಿ ಸರ್ ಪಕ್ಕದಲ್ಲಿ ಕೂತು ನನ್ನ ಪಕ್ಕೆಗೆ ತಿವಿದ ಹಾಗೆ ಆಗುತ್ತಿತ್ತು.

2024-25 ಬೇರೆಯೇ ಕಥೆ. 2025ರ ಮಾರ್ಚ್ 29ರಂದು ಕಂಠೀರವದಲ್ಲಿ ಮುಂಬೈ ಸಿಟಿ ವಿರುದ್ಧ ನಾಕೌಟ್. 5-0! ಮೂರನೇ ಗೋಲು ರಯಾನ್‌ದು, ನಾಲ್ಕನೆಯದು ಸುನಿಲ್ ಛೆಟ್ರಿಯದು. ವೆಸ್ಟ್ ಬ್ಲಾಕ್‌ನಲ್ಲಿ ನನ್ನ ಪಕ್ಕ ನಿಂತಿದ್ದ ಅಪರಿಚಿತ ಹುಡುಗ ನನ್ನ ಕನ್ನಡಕ ಬೀಳುವ ಹಾಗೆ ತಬ್ಬಿಕೊಂಡ. ಸೆಮಿಫೈನಲ್‌ನಲ್ಲಿ ಗೋವಾವನ್ನು ಎರಡು ಪಂದ್ಯ ಸೇರಿ 3-2ರಿಂದ ದಾಟಿ ಫೈನಲ್‌ಗೆ ಹೋದೆವು. ಏಪ್ರಿಲ್ 12, ಕೋಲ್ಕತ್ತದ ಸಾಲ್ಟ್ ಲೇಕ್, ಎದುರಾಳಿ ಮೋಹನ್ ಬಗಾನ್. ಮೊದಲು ಮುಂದಿದ್ದವರು ನಾವೇ, ಕೊನೆಗೆ ಹೆಚ್ಚುವರಿ ಸಮಯದಲ್ಲಿ 2-1ರಿಂದ ಸೋತೆವು. ಅವರಿಗೆ ಗೋಲು ಹೊಡೆದವರು ಜೇಸನ್ ಕಮಿಂಗ್ಸ್, ಜೇಮಿ ಮೆಕ್‌ಲಾರೆನ್. ಇಬ್ಬರೂ ಆಸ್ಟ್ರೇಲಿಯಾಕ್ಕೆ ಆಡಿದವರು. ಅದರ ಬಗ್ಗೆ ಜಾಸ್ತಿ ಬರೆಯುವುದಿಲ್ಲ, ಈಗಲೂ ಹೊಟ್ಟೆ ಉರಿಯುತ್ತದೆ.

ಪಾಸ್‌ಪೋರ್ಟ್ ಸುದ್ದಿ ಬಂದಿದ್ದು ಆ ವರ್ಷದ ನವೆಂಬರ್‌ನಲ್ಲಿ. ರಯಾನ್‌ನ ತಾಯಿ ಮುಂಬೈಯಲ್ಲಿ ಹುಟ್ಟಿದವರು, ಆಂಗ್ಲೋ-ಇಂಡಿಯನ್ ಕುಟುಂಬ. ತಾಯಿಯ ತಂದೆ 1950ರ ದಶಕದಲ್ಲಿ ಬಾಂಬೆ ತಂಡಕ್ಕೆ ರಾಜ್ಯಗಳ ನಡುವಿನ ಸಂತೋಷ್ ಟ್ರೋಫಿ ಆಡಿದವರು. ಎಷ್ಟೋ ದೇಶಗಳಲ್ಲಾದರೆ ಇಷ್ಟು ಸಾಕು, ಅಜ್ಜನ ಹೆಸರು ಹೇಳಿ ತಂಡ ಸೇರಬಹುದು. ನಮ್ಮಲ್ಲಿ ಎರಡು ಪೌರತ್ವ ಇಟ್ಟುಕೊಳ್ಳುವ ಹಾಗಿಲ್ಲ, ಭಾರತ ಮೂಲದ ವಿದೇಶಿ ಪ್ರಜೆಗಳಿಗೆ ಕೊಡುವ ಓಸಿಐ ಕಾರ್ಡ್ ಇದ್ದರೆ ದೇಶದ ತಂಡಕ್ಕೆ ಆಡಲಾಗುವುದಿಲ್ಲ. ಇದಕ್ಕೆ ಮುಂಚೆ ಹಾಗೆ ತನ್ನ ದೇಶದ ಪಾಸ್‌ಪೋರ್ಟ್ ಬಿಟ್ಟುಕೊಟ್ಟು ಭಾರತಕ್ಕೆ ಆಡಿದವನು ಜಪಾನಿನಲ್ಲಿ ಹುಟ್ಟಿದ ಅರಾಟಾ ಇಜುಮಿ. ರಯಾನ್ ಕೂಡ ಆಸ್ಟ್ರೇಲಿಯಾದ ಪೌರತ್ವ ಬಿಟ್ಟ. ಬೆಂಗಳೂರಿನಲ್ಲೇ, ಛೆಟ್ರಿ ಕೈಯಿಂದ ಅವನಿಗೆ ಭಾರತದ ಪಾಸ್‌ಪೋರ್ಟ್ ಕೊಡಿಸಿದರು. ನನ್ನ ಬ್ಯಾಚ್‌ಮೇಟ್‌ಗಳಲ್ಲಿ ಮೂವರು ಆಸ್ಟ್ರೇಲಿಯಾದ ಪೌರತ್ವಕ್ಕೆ ಕಾಯುತ್ತಿದ್ದಾರೆ, ನಮ್ಮ ವಾಟ್ಸಾಪ್ ಗುಂಪಿನಲ್ಲಿ ಆವತ್ತು ನಡೆದ ಚರ್ಚೆ ಇಲ್ಲಿ ಬರೆಯುವಂಥದ್ದಲ್ಲ.

ಇನ್ನೊಂದು ವಿಷಯ. ಆಗ ಐಎಸ್‌ಎಲ್ ಯಾವಾಗ ಶುರುವಾಗುತ್ತದೆ ಅಂತ ಯಾರಿಗೂ ಗೊತ್ತಿರಲಿಲ್ಲ. ಲೀಗ್ ನಡೆಸುವ ಒಪ್ಪಂದವೇ ಮುಗಿಯುವ ಹಂತಕ್ಕೆ ಬಂದು ಎಲ್ಲ ನಿಂತುಹೋಗಿತ್ತು. ಅಂಥ ಹೊತ್ತಿನಲ್ಲಿ, ಮೂವತ್ತೆರಡರ ವಯಸ್ಸಿನಲ್ಲಿ, ಆಟವೇ ನಡೆಯದ ದೇಶಕ್ಕೆ ಒಬ್ಬ ತನ್ನ ಹುಟ್ಟೂರಿನ ಪಾಸ್‌ಪೋರ್ಟ್ ಕೊಟ್ಟು ಬಂದ. ಕೆಲವರು ಇದು ಲೆಕ್ಕಾಚಾರ ಅಂದರು, ಭಾರತೀಯ ಆಟಗಾರ ಆದರೆ ವಿದೇಶಿಯರ ಕೋಟಾದಲ್ಲಿ ಬರುವುದಿಲ್ಲ ಅಂತ. ಇರಬಹುದು. ಲೆಕ್ಕ ಹಾಕದೆ ಮನೆ ಬದಲಾಯಿಸುವವರು ಯಾರಿದ್ದಾರೆ? ನಾನಂತೂ ಬೆಂಗಳೂರಲ್ಲೇ ಏರಿಯಾ ಬದಲಾಯಿಸಲು ಆರು ತಿಂಗಳು ಯೋಚಿಸಿದವನು.

ಆಮೇಲೆ? ಆಮೇಲೆ ಮತ್ತೆ ಬೆಂಚು. ನವೆಂಬರ್ 18ರಂದು ಢಾಕಾದಲ್ಲಿ ಬಾಂಗ್ಲಾದೇಶದ ವಿರುದ್ಧ ಪಂದ್ಯ. ಆಸ್ಟ್ರೇಲಿಯಾದಿಂದ, ಫಿಫಾದಿಂದ ಬರಬೇಕಾದ ಕಾಗದ ಸಮಯಕ್ಕೆ ಬರಲಿಲ್ಲ, ರಯಾನ್ ಆಡಲಾಗಲಿಲ್ಲ, ಭಾರತ 1-0ರಿಂದ ಸೋತಿತು. ಪಂದ್ಯ ಮುಗಿದ ಮೇಲೆ ಫಿಫಾ ಒಪ್ಪಿಗೆ ಬಂತು. ಬೂಸಾನ್‌ನಲ್ಲಿ ಆಡಿದ್ದು ಟೂರ್ನಿಯ ಪಂದ್ಯ ಅಲ್ಲ, ಬರೀ ಸ್ನೇಹಪಂದ್ಯ ಆಗಿದ್ದರಿಂದಲೇ ಆಸ್ಟ್ರೇಲಿಯಾ ತಂಡ ಬಿಟ್ಟು ಭಾರತ ತಂಡಕ್ಕೆ ಬರುವ ಈ ಬದಲಾವಣೆ ಸಾಧ್ಯವಾಗಿದ್ದು.

ನಮ್ಮ ಪಿಡಿ ಸರ್ ನಿವೃತ್ತರಾಗಿ ಬಹಳ ವರ್ಷ ಆಯಿತು. ಹೋದ ತಿಂಗಳು ಈ ಲೇಖನ ಬರೆಯಲು ಕೂತಾಗ ಕಾಲೇಜಿನ ಕ್ರೀಡಾ ವಿಭಾಗಕ್ಕೆ ಫೋನ್ ಮಾಡಿದೆ. ಯಾರೋ ಹುಡುಗ ಎತ್ತಿದ. ಈ ವರ್ಷ ಟೀಮ್‌ನಲ್ಲಿ ರೈಟ್ ವಿಂಗ್ ಯಾರಪ್ಪಾ ಅಂತ ಕೇಳಿದೆ. 'ಟ್ರಯಲ್ಸ್ ಇನ್ನೂ ಆಗಿಲ್ಲ ಸರ್' ಅಂದ. ಸ್ವಲ್ಪ ಸುಮ್ಮನಿದ್ದು, 'ನಾನೂ ಕೊಡ್ತಾ ಇದ್ದೀನಿ' ಅಂದ.