ಮಕ್ಕಳು ಅಳೆದ ಹಳ್ಳದ ಲೆಕ್ಕವನ್ನು ನಂಬಬಹುದೇ?

ಮೂಡಿಗೆರೆ, ಸಕಲೇಶಪುರದ ಕಡೆ ಶಾಲೆ ಮಕ್ಕಳಿಂದ ಹಳ್ಳದ ನೀರು ಅಳೆಸುವ ಮಾತೆತ್ತಿದರೆ ಮೇಷ್ಟ್ರುಗಳೂ ತೋಟದವರೂ ಕೇಳುವುದು ಒಂದೇ: ಎಂಟನೇ ಕ್ಲಾಸಿನವರು ಬರೆದ ಅಂಕಿಯನ್ನು ಯಾರು ನಂಬುತ್ತಾರೆ?

ನಂಬಬಹುದು. ಆದರೆ ಅಳೆಯುವ ಜಾಗ, ಹೊತ್ತು, ವಿಧಾನ ಮೂರೂ ಬದಲಾಗಬಾರದು.

ಹೇಮಾವತಿಗೋ ಯಗಚಿಗೋ ಸೇರುವ ಒಂದು ಸಣ್ಣ ಹಳ್ಳ ಸಾಕು. ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್‌ಗಿಂತ ಮೇಲೊಂದು ಜಾಗ, ಕೆಳಗೊಂದು ಜಾಗ ಗುರುತು ಮಾಡಿ. ಪಲ್ಪಿಂಗ್ ನೀರಿನಲ್ಲಿ ಹಣ್ಣಿನ ಸಿಹಿ ಲೋಳೆ ಇರುತ್ತದೆ. ಅದು ಹುಳಿಯುತ್ತದೆ, ಅದನ್ನು ಕೊಳೆಸುವ ಬ್ಯಾಕ್ಟೀರಿಯಾ ನೀರಿನ ಆಮ್ಲಜನಕವನ್ನೆಲ್ಲ ಬಳಸಿಬಿಡುತ್ತವೆ. ಕೆಳಗಿನ ಅಂಕಿಯೊಂದೇ ಇದ್ದರೆ ಯಾರ ಮೇಲೂ ಬೆರಳು ತೋರಿಸಲಾಗದು.

ಹರಿವು ಅಳೆಯಲು ಒಂದು ಕಿತ್ತಳೆ ಹಣ್ಣು ಬೇಕು. ಒಣ ಎಲೆಯನ್ನು ಗಾಳಿ ತಳ್ಳುತ್ತದೆ. ಕಿತ್ತಳೆ ಬಹುಪಾಲು ಮುಳುಗಿ ತೇಲುವುದರಿಂದ ನೀರಿನ ಜೊತೆಗೇ ಹೋಗುತ್ತದೆ. ಹಳ್ಳ ನೇರವಾಗಿ ಹರಿಯುವ ಕಡೆ 10 ಮೀಟರ್ ಗುರುತಿಸಿ ಮೂರು ಸಲ ಬಿಡಿ, ಸರಾಸರಿ ತೆಗೆಯಿರಿ. 20 ಸೆಕೆಂಡ್ ಹಿಡಿದರೆ ಮೇಲ್ಮೈ ವೇಗ ಸೆಕೆಂಡಿಗೆ ಅರ್ಧ ಮೀಟರ್. ತಳದ ನೀರು ನಿಧಾನವಾದ್ದರಿಂದ 0.85ರಿಂದ ಗುಣಿಸಬೇಕು. ಅಗಲ 2 ಮೀಟರ್, ಸರಾಸರಿ ಆಳ 0.3 ಮೀಟರ್ ಇದ್ದರೆ, ಅವನ್ನೂ ಈ ವೇಗಕ್ಕೆ ಗುಣಿಸಿದಾಗ ಸೆಕೆಂಡಿಗೆ ಸುಮಾರು 255 ಲೀಟರ್. ಲೆಕ್ಕ ಹೆಚ್ಚಾಗಿ ಕೆಡುವುದು ಆಳದಲ್ಲಿ: ನಡುವೆ ಮಾತ್ರ ಕೋಲು ಇಳಿಸಿದರೆ ಉತ್ತರ ದೊಡ್ಡದಾಗುತ್ತದೆ. ದಡದಿಂದ ದಡಕ್ಕೆ ಐದು ಕಡೆ ಅಳೆಯಿರಿ. ಮಳೆಗಾಲದಲ್ಲಿ ಮಕ್ಕಳು ನೀರಿಗೆ ಇಳಿಯುವುದೇ ಬೇಡ. ಉಳಿದ ಕಾಲದಲ್ಲೂ ಮೊಣಕಾಲು ಮುಟ್ಟುವಷ್ಟು ನೀರಿದ್ದರೆ ಆ ದಿನ ಬಿಟ್ಟುಬಿಡಿ.

ಮಕ್ಕಳಿಗೆ ತುಂಬಾ ಇಷ್ಟವಾಗುವುದು ಕಲ್ಲು ಮಗುಚಿ ಹುಳ ನೋಡುವ ಕೆಲಸ, ನಮ್ಮ ಮಟ್ಟಿಗೆ ಅದೇ ಒಳ್ಳೆಯ ಪರೀಕ್ಷೆ ಕೂಡ. ನೀರಿನ ಆಮ್ಲಜನಕ ಅಳೆಯುವ ಕಿಟ್ ಆ ಗಳಿಗೆಯ ಸ್ಥಿತಿ ಹೇಳುತ್ತದೆ, ಹುಳಗಳು ಹಿಂದಿನ ಹಲವು ವಾರದ್ದು ಹೇಳುತ್ತವೆ. ಆಮ್ಲಜನಕ ಚೆನ್ನಾಗಿರುವ ನೀರೇ ಬೇಕಾದ ಹುಳಗಳಾದ ಎರಡು ಬಾಲದ ಸ್ಟೋನ್‌ಫ್ಲೈ ಮರಿ, ಸಾಮಾನ್ಯವಾಗಿ ಮೂರು ಬಾಲವಿರುವ ಮೇಫ್ಲೈ ಮರಿ, ಮರಳಿನ ಗೂಡು ಕಟ್ಟಿಕೊಂಡ ಕ್ಯಾಡಿಸ್‌ಫ್ಲೈ ಮರಿ ಹಳ್ಳದ ಮೇಲಿನ ಜಾಗದಲ್ಲಿ ಸಿಕ್ಕಿ, ಕೆಳಗಿನ ಜಾಗದಲ್ಲಿ ಬರೀ ಕೆಂಪು ದಾರದಂಥ ಹುಳವಿದ್ದರೆ ಅಲ್ಲಿ ಆಮ್ಲಜನಕ ಸಾಲುತ್ತಿಲ್ಲ. ಜೋರು ಮಳೆಯಾದ ಮೇಲೆ ಎರಡು ಮೂರು ವಾರ ಇದನ್ನು ಮಾಡಬೇಡಿ, ಹುಳಗಳು ಕೊಚ್ಚಿಹೋಗಿರುತ್ತವೆ. ನೋಡಿದ ಕಲ್ಲನ್ನು ಮೊದಲಿದ್ದಂತೆಯೇ ಇಡಿಸಿ.

ಮಳೆ ಲೆಕ್ಕವನ್ನು ಬೆಳಗ್ಗೆ 8.30ಕ್ಕೆ ಬರೆಯಿರಿ. ತೋಟದವರ ಪುಸ್ತಕ ಇಂಚು, ಸೆಂಟಿನಲ್ಲಿರುತ್ತದೆ: 100 ಸೆಂಟಿಗೆ ಒಂದು ಇಂಚು, ಅಂದರೆ 25.4 ಮಿಲಿಮೀಟರ್. ಮಳೆ ಬಾರದ ದಿನ ಸೊನ್ನೆ ಬರೆಯಬೇಕು, ಅಳೆಯದ ದಿನ ಅಡ್ಡಗೆರೆ ಹಾಕಬೇಕು. ಎರಡಕ್ಕೂ ಖಾಲಿ ಬಿಟ್ಟರೆ ವರ್ಷದ ಮೊತ್ತವೇ ಸುಳ್ಳಾಗುತ್ತದೆ.

ಎರಡು ತಂಡ ಒಬ್ಬರ ಅಂಕಿ ಇನ್ನೊಬ್ಬರು ನೋಡದೆ ಅಳೆಯಲಿ. ಹತ್ತಕ್ಕೆ ಒಂದರಷ್ಟಕ್ಕಿಂತ ಹೆಚ್ಚು ವ್ಯತ್ಯಾಸ ಬಂದರೆ ಅಲ್ಲೇ ಮತ್ತೆ ಅಳೆಸಿ. ತಪ್ಪಿದ ಅಂಕಿಯನ್ನು ಅಳಿಸಬಾರದು, ಒಂದು ಗೆರೆ ಎಳೆದು ಪಕ್ಕದಲ್ಲಿ ಬರೆಯಬೇಕು.

ಇಷ್ಟೆಲ್ಲ ಇದ್ದರೂ ಏಪ್ರಿಲ್, ಮೇ ರಜೆಯಲ್ಲಿ ಪುಸ್ತಕ ನಿಂತುಹೋಗುತ್ತದೆ. ಹಳ್ಳದ ಜೊತೆಗೆ ಅಳೆಯಬೇಕಾದ ಬಾವಿಯ ನೀರು ತೀರಾ ಇಳಿಯುವುದೂ ಆಗಲೇ. ಅದಕ್ಕೇ ಊರಿನವರು ಮೊದಲಿನಿಂದಲೇ ಜೊತೆಗಿರಬೇಕು: ಬಾವಿ ಕಟ್ಟೆಯ ಮೇಲೆ ಬಣ್ಣದ ಗುರುತು ಹಾಕಿ, ಪಂಪ್ ಹಾಕುವ ಮುಂಚೆ ಆ ಗುರುತಿನಿಂದಲೇ ಟೇಪ್ ಇಳಿಸಿ ನೀರಿನ ಮಟ್ಟ ಅಳೆಯಲು ಇಬ್ಬರು ಒಪ್ಪಿಕೊಳ್ಳಲಿ.

ಪಲ್ಪಿಂಗ್ ಕಾಲದಲ್ಲಿ ಅಂಕಿ ಕೆಟ್ಟರೆ ಮೊದಲು ಮತ್ತೊಮ್ಮೆ ಅಳೆದು, ತೋಟದವರಿಗೆ ತೋರಿಸಿ, ಆಮೇಲೆ ಗ್ರಾಮ ಪಂಚಾಯಿತಿಗೆ ಒಯ್ಯಿರಿ. ಮಕ್ಕಳ ಪುಸ್ತಕವನ್ನೇ ದೂರಿನ ಸಾಕ್ಷಿಯಾಗಿ ಹಿಡಿಯಬೇಡಿ. ಎಲ್ಲಿ, ಯಾವಾಗ ಮಾದರಿ ತೆಗೆಯಬೇಕೆಂದು ಅದು ತೋರಿಸುತ್ತದೆ. ಆ ಮಾದರಿಯನ್ನು ಐಸ್ ಪೆಟ್ಟಿಗೆಯಲ್ಲಿಟ್ಟು ಅದೇ ದಿನ ಮಾನ್ಯತೆ ಇರುವ ಪ್ರಯೋಗಾಲಯಕ್ಕೆ ತಲುಪಿಸಬೇಕು.