ಒಂದು ಡೋವೆಲ್ ಪಿನ್ನಿನ ಹಠ: 800ರ ಎಂಜಿನ್ ಕೊನೆಗೂ ಹೊರಗೆ

ಬಿಚ್ಚಿ ಕಟ್ಟಲು ಅಂತ ಇಳಿಸುತ್ತಿದ್ದ ಎಂಜಿನ್ ಹೊರಗೆ ಬಂತು. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕಂದ್ರೆ ಕೆಳಗೆ ಬರೆದಿರುವುದರಲ್ಲಿ ಮುಕ್ಕಾಲು ಪಾಲು ಎಂಜಿನ್ ಬಗ್ಗೆ ಅಲ್ಲವೇ ಅಲ್ಲ. ಒಂದಿಂಚೂ ಉದ್ದವಿಲ್ಲದ ಒಂದು ಟೊಳ್ಳು ಪಿನ್, ಅಂದರೆ ಡೋವೆಲ್ ಪಿನ್ ಬಗ್ಗೆ.

ಗಾಡಿ ನನ್ನ ಹಳೇ ಮಾರುತಿ 800, ಕಾರ್ಬುರೇಟರ್ ಮಾಡೆಲ್. ಎಫ್8ಬಿ ಎಂಜಿನ್: ಮೂರು ಸಿಲಿಂಡರ್, 68.5 ಮಿ.ಮೀ. ಬೋರ್ (ಸಿಲಿಂಡರಿನ ಅಗಲ), 72 ಮಿ.ಮೀ. ಸ್ಟ್ರೋಕ್ (ಪಿಸ್ಟನ್ ಓಡುವ ದೂರ), ಒಟ್ಟು 796 ಸಿಸಿ. 1983ರ ಡಿಸೆಂಬರಿನಲ್ಲಿ ರಸ್ತೆಗಿಳಿದು 2014ರ ಜನವರಿಯಲ್ಲಿ ತಯಾರಿಕೆ ನಿಂತ ಕಾರು. ಮನೆಯಲ್ಲಿ ಎಂಜಿನ್ ಇಳಿಸಲು ಕಲಿಯಬೇಕು ಅನ್ನುವವರಿಗೆ ಇದಕ್ಕಿಂತ ಸಾಧು ಗಾಡಿ ಸಿಗಲ್ಲ. ಕ್ಲಚ್ಚಿಗೆ ಕೇಬಲ್, ಎಣ್ಣೆ ಪೈಪಿನಿಂದ ಗಾಳಿ ತೆಗೆದು ಬ್ಲೀಡ್ ಮಾಡುವ ಗೋಳಿಲ್ಲ. ನನ್ನದರಲ್ಲಿ ಎಸಿ ಇಲ್ಲ, ಪವರ್ ಸ್ಟೀರಿಂಗ್ ಇಲ್ಲ, ಬಾನೆಟ್ ಬಿಚ್ಚಿಟ್ಟರೆ ಎಂಜಿನ್ನಿನ ಸುತ್ತ ಕೈ ಆಡಿಸಲು ಜಾಗವಿದೆ. ಹೀಗಂತ ನಾನೂ ಅಂದುಕೊಂಡೇ ಶುರು ಮಾಡಿದ್ದು.

ಬ್ಯಾಟರಿ, ರೇಡಿಯೇಟರ್, ಸೈಲೆನ್ಸರ್ ಪೈಪ್, ಕೇಬಲ್ಲುಗಳು, ಡ್ರೈವ್ ಶಾಫ್ಟ್, ಗೇರ್ ಆಯಿಲ್ ಇಳಿಸೋದು, ಇದೆಲ್ಲ ನಿಮಗೆ ಗೊತ್ತಿರುವುದೇ, ಬಿಡಿ. ಕಾರ್ಬುರೇಟರ್ ಸುತ್ತಲಿನ ವ್ಯಾಕ್ಯೂಮ್ ಪೈಪುಗಳಿಗೆ ಮಾತ್ರ ಒಂದೊಂದಕ್ಕೂ ಟೇಪ್ ಸುತ್ತಿ ನಂಬರ್ ಬರೆಯಿರಿ. ಬರೀ ಫೋಟೋ ಸಾಲದು. ಫೋಟೋದಲ್ಲಿ ಎಲ್ಲ ಪೈಪೂ ಕಪ್ಪಗೇ ಕಾಣುತ್ತವೆ.

ಕಾರ್ ಷೆಡ್ಡಿನಲ್ಲಿ ಭಾರ ಎತ್ತುವ ಚೈನ್ ಬ್ಲಾಕ್ ತೂಗು ಹಾಕಿರುವ ಪೈಪ್ ಸ್ಟ್ಯಾಂಡ್ ಅಷ್ಟು ಎತ್ತರವಿಲ್ಲ. ಎಂಜಿನ್ ಮತ್ತು ಗೇರ್‌ಬಾಕ್ಸ್ ಎರಡನ್ನೂ ಒಟ್ಟಿಗೆ ಎತ್ತಿದರೆ ಗಾಡಿಯ ಮುಂದಿನ ಅಡ್ಡ ಪಟ್ಟಿ ದಾಟುವಷ್ಟು ಮೇಲೆ ಹೋಗಲ್ಲ. ಅದಕ್ಕೇ ಗೇರ್‌ಬಾಕ್ಸನ್ನು ಕೆಳಗಿನಿಂದ ತೆಗೆದು, ಎಂಜಿನ್ ಒಂದನ್ನೇ ಮೇಲಿನಿಂದ ಎತ್ತುವ ಲೆಕ್ಕ. ಕ್ಲಚ್ ಪ್ಲೇಟ್ ಬದಲಾಯಿಸುವವರು ದಿನಾ ಮಾಡುವ ಕೆಲಸ ಇದು. ಎಂಜಿನ್ನಿನ ಭಾರ ಚೈನಿಗೆ ಕೊಟ್ಟೆ, ಗೇರ್‌ಬಾಕ್ಸ್ ಅಡಿಗೆ ಜಾಕ್ ಇಟ್ಟೆ, ಸ್ಟಾರ್ಟರ್ ಬಿಚ್ಚಿದೆ, ಬೆಲ್ ಹೌಸಿಂಗ್ (ಗೇರ್‌ಬಾಕ್ಸಿನಲ್ಲಿ ಎಂಜಿನ್ನಿಗೆ ತಾಗುವ ಗಂಟೆಯಾಕಾರದ ಭಾಗ) ಬೋಲ್ಟುಗಳೆಲ್ಲ ಡಬ್ಬಿಗೆ ಬಿದ್ದವು. ಗೇರ್‌ಬಾಕ್ಸ್ ಹಿಡಿದು ಅಲ್ಲಾಡಿಸಿದೆ. ಮೇಲುಗಡೆ ಸೊಗಸಾಗಿ ಬಾಯಿ ಬಿಟ್ಟಿತು, ಆರು ಮಿಲಿಮೀಟರ್ ಇರಬಹುದು. ಕೆಳಗಡೆ ಕೂದಲೆಳೆ ಕೂಡ ತೂರಲ್ಲ.

ಬೋಲ್ಟ್ ಯಾವುದೂ ಉಳಿದಿಲ್ಲ. ಕೈ ಕನ್ನಡಿ ಹಿಡಿದು, ಟಾರ್ಚ್ ಬಿಟ್ಟು, ಬೆರಳು ಆಡಿಸಿ ನೋಡಿದ್ದಾಯ್ತು. ಹಿಡಿದಿರುವುದು ಕೆಳಗಿನ ಡೋವೆಲ್ ಪಿನ್ನೇ.

ಡೋವೆಲ್ ಕೆಲಸ ಏನು ಅಂತ ನಿಮಗೆ ಗೊತ್ತು: ಬೋಲ್ಟುಗಳು ಗೇರ್‌ಬಾಕ್ಸನ್ನು ಬಿಗಿಯುತ್ತವೆ ಅಷ್ಟೇ, ಅದನ್ನು ಕ್ರ್ಯಾಂಕಿನ (ಎಂಜಿನ್ನಿನೊಳಗೆ ತಿರುಗುವ ಮುಖ್ಯ ದಂಡದ) ನೇರಕ್ಕೆ ನಿಲ್ಲಿಸೋದು ಮೂಲೆಗೊಂದರಂತೆ ಕೂತ ಎರಡು ಪಿನ್ನುಗಳು. ಬೋಲ್ಟಿನ ತೂತಿನಲ್ಲಿ ಸ್ವಲ್ಪ ಆಟ ಇರುತ್ತದೆ, ಪಿನ್ನಿನ ತೂತಿನಲ್ಲಿ ಇರಲ್ಲ. ಪಿನ್ ಉಕ್ಕು, ಗೇರ್‌ಬಾಕ್ಸ್ ಅಲ್ಯೂಮಿನಿಯಂ. ಎರಡರ ನಡುವೆ ವರ್ಷಗಟ್ಟಲೆ ನೀರು ಕೂತರೆ ಅಲ್ಯೂಮಿನಿಯಂ ಸವೆದು ಬಿಳಿ ಪುಡಿ ಆಗುತ್ತದೆ, ಆ ಪುಡಿಗೆ ಮೂಲ ಲೋಹಕ್ಕಿಂತ ಜಾಸ್ತಿ ಜಾಗ ಬೇಕು, ಜಾಗ ಇಲ್ಲದ ಕಡೆ ಅದು ಪಿನ್ನನ್ನು ಅಮುಕಿ ಹಿಡಿಯುತ್ತದೆ. ಕೆಳಗಿನ ಪಿನ್ ಇರುವುದು ಚಕ್ರದ ನೀರು ಎರಚುವ ಕಡೆಗೇ. ಮೇಲಿನದು ಎಣ್ಣೆ ಜಿನುಗಿನಲ್ಲಿ ನೆಂದು ಸುಖವಾಗಿತ್ತು. ಎಂಜಿನ್ ಆಯಿಲ್ ಲೀಕ್ ಆಗೋದರಿಂದ ಒಂದಾದರೂ ಉಪಕಾರ ಆಯ್ತಲ್ಲ.

ತಮ್ಮ ಹಾರೆ ತಂದ. "ಅಣ್ಣ, ಒಂದೇ ಏಟು" ಅಂದ. ಹಾರೆಯನ್ನು ಅವನ ಸಮೇತ ಷೆಡ್ಡಿನಿಂದ ಆಚೆ ಕಳಿಸಿದೆ. ಬೆಲ್ ಹೌಸಿಂಗ್ ಮುಖದ ಮೇಲೆ ಹಾರೆಯಾಗಲಿ ದೊಡ್ಡ ಸ್ಕ್ರೂಡ್ರೈವರ್ ಆಗಲಿ ಹಾಕಿ ಮೀಟಬೇಡಿ. ಅಲ್ಲಿ ಎಣ್ಣೆ ನಿಲ್ಲಲ್ಲ, ಒಣ ಕ್ಲಚ್, ಹಾಗಾಗಿ ಲೀಕ್ ಆಗಲ್ಲ ಅನ್ನೋದು ನಿಜ. ಆದರೆ ಅಲ್ಯೂಮಿನಿಯಂ ಗೀರು ಎದ್ದರೆ ಗೇರ್‌ಬಾಕ್ಸ್ ಒಂಚೂರು ಓರೆ ಕೂರುತ್ತದೆ, ಆಮೇಲೆ ಎಂಜಿನ್ ಶಕ್ತಿಯನ್ನು ಗೇರ್‌ಬಾಕ್ಸಿಗೆ ಒಯ್ಯುವ ಇನ್‌ಪುಟ್ ಶಾಫ್ಟಿನ ಬೇರಿಂಗ್ ಅದರ ಸಾಲ ತೀರಿಸುತ್ತಾ ಇರುತ್ತದೆ.

ತುಕ್ಕು ಬಿಡಿಸುವ ಸ್ಪ್ರೇ ಹೊಡೆದೆ. ಮೇಲಿನಿಂದ ಸುರಿದು ಕೆಳಗೆ ಹರಿದು ನನ್ನ ಮೊಣಕೈಗೆ ಬಂತು, ಪಿನ್ನಿಗೆ ಹೋಗಲಿಲ್ಲ. ಬಿರುಕೇ ಇಲ್ಲದ ಕಡೆ ಎಣ್ಣೆ ಎಲ್ಲಿಂದ ಹೋಗಬೇಕು? ಗೇರ್ ಆಯಿಲ್ ಅಂಗಡಿಯಲ್ಲಿ ಸಿಗುವ ಎಟಿಎಫ್ (ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಎಣ್ಣೆ) ಮತ್ತು ಎಸಿಟೋನ್ ಅರ್ಧರ್ಧ ಬೆರೆಸುವ ಮನೆಮದ್ದೂ ಆಯ್ತು. ಅದು ಒಳ್ಳೆಯದೇ, ಆದರೆ ಎರಡೂ ಸರಿಯಾಗಿ ಬೆರೆಯಲ್ಲ, ಪ್ರತಿ ಸಲ ಕುಲುಕಬೇಕು. ಎಸಿಟೋನ್ ಪೇಂಟ್ ತಿನ್ನುತ್ತದೆ, ಬೇಗ ಬೆಂಕಿಯೂ ಹತ್ತುತ್ತದೆ. ಇದು ಕೆಳಗೆ ಬೇಕಾಗುವ ಮಾತು, ನೆನಪಿಟ್ಟುಕೊಳ್ಳಿ.

ಎಣ್ಣೆ ಇಳಿಯಲಿ ಅಂತ ಬಿಟ್ಟ ಹೊತ್ತಿನಲ್ಲಿ ಪಾರ್ಸೆಲ್ ಬಂತು. ಗ್ಯಾಸ್ಕೆಟ್ ಸೆಟ್. ಡಬ್ಬಿಯ ಮೇಲೆ 800 ಅಂತ ಇದೆ, ಒಳಗಿರುವುದು ಇಂಜೆಕ್ಷನ್ ಮಾಡೆಲ್ಲಿನದು, ಹನ್ನೆರಡು ವಾಲ್ವಿನ ಎಂಜಿನ್ನಿಗೆ ಆಗುವಂಥದ್ದು. ನನ್ನದು ಆರು ವಾಲ್ವ್. ಫೋನ್ ಮಾಡಿದರೆ "ಸಾರ್, ಎರಡೂ 796 ಸಿಸಿನೇ ಅಲ್ವಾ?" ಅಂತಾರೆ. ಹೌದಪ್ಪ, ಸಿಸಿ ಒಂದೇ. ಬೋರೂ ಒಂದೇ, ಸ್ಟ್ರೋಕೂ ಒಂದೇ, ಹೆಡ್ಡು (ವಾಲ್ವುಗಳು ಕೂರುವ ಮೇಲಿನ ಭಾಗ) ಬೇರೆ. ಆರ್ಡರ್ ಹಾಕುವಾಗ ಕಾರ್ಬುರೇಟರ್ ಮಾಡೆಲ್ ಅಂತ ದೊಡ್ಡದಾಗಿ ಬರೆದಿದ್ದೆ. ಓದುವ ಅಭ್ಯಾಸ ಇದ್ದವರು ಬಿಡಿಭಾಗ ಯಾಕೆ ಮಾರುತ್ತಾರೆ ಹೇಳಿ. ಎಂಜಿನ್ ಮೌಂಟಿಂಗ್ ರಬ್ಬರ್ ಇನ್ನೊಬ್ಬ ಮಾರಾಟಗಾರರದು, ಅದು "ಒರಿಜಿನಲ್ ಥರಾನೇ" ಅಂತೆ. ಉಗುರಿನಿಂದ ಒತ್ತಿದರೆ ಕಲ್ಲು. ಅದನ್ನು ಹಾಕಿದರೆ ಐಡಲಿಂಗಿನಲ್ಲಿ ಡ್ಯಾಶ್‌ಬೋರ್ಡ್ ಭಜನೆ ಮಾಡುತ್ತದೆ.

ಮೌಂಟಿಂಗ್ ಅಂದ ತಕ್ಷಣ ಮುಂದಿನ ಕೆಲಸ ನೆನಪಾಯ್ತು. ಈ ಎಂಜಿನ್ ಬಿಚ್ಚಿ ಕಟ್ಟಿದ ಮೇಲೆ ಗಾಡಿಗೆ ಕೂರಿಸುವ ಮೊದಲು ನೆಲದ ಮೇಲೇ ಓಡಿಸಿ ನೋಡಬೇಕು ಅಂತ ಆಸೆ. ಅಟ್ಟದ ಮೇಲೆ ಹಳೇ ಕಬ್ಬಿಣದ ಮಂಚ ಇದೆ, ಅದರ ಆಂಗಲ್ ಕತ್ತರಿಸಿ ಒಂದು ಸ್ಟ್ಯಾಂಡ್ ಮಾಡೋದು, ರೇಡಿಯೇಟರ್ ಅದಕ್ಕೇ ಸಿಕ್ಕಿಸೋದು, ಮೇಲೆ ಒಂದು ಸಣ್ಣ ಪೆಟ್ರೋಲ್ ಕ್ಯಾನ್. ಮೂರು ಸಿಲಿಂಡರಿನಲ್ಲಿ ಒಂದು ತಮಾಷೆ ಇದೆ. ಕ್ರ್ಯಾಂಕ್ 120 ಡಿಗ್ರಿಗೊಂದು ಇರುವುದರಿಂದ ಪಿಸ್ಟನ್ನುಗಳ ಮೇಲೆ ಕೆಳಗಿನ ಎಳೆತ ಒಂದನ್ನೊಂದು ಕಳೆದುಕೊಳ್ಳುತ್ತದೆ, ಆದರೆ ಎಂಜಿನ್ ತುದಿಯಿಂದ ತುದಿಗೆ ತೂಗಾಡುವ ಚಾಳಿ ಉಳಿಯುತ್ತದೆ. ಅದಕ್ಕೇ ಸ್ಟ್ಯಾಂಡಿಗೆ ಎಂಜಿನ್ನನ್ನು ನೇರ ಬೋಲ್ಟ್ ಹಾಕಿದರೆ ಸ್ಟ್ಯಾಂಡೇ ನಡೆಯಲು ಶುರು ಮಾಡುತ್ತದೆ. ಒಳ್ಳೇ ರಬ್ಬರ್ ಬೇಕು. ಕಲ್ಲು ರಬ್ಬರ್ ಅಲ್ಲ. ಮಂಚದ ವಿಷಯ ಮನೆಯಲ್ಲಿ ಇನ್ನೂ ಹೇಳಿಲ್ಲ.

ಸರಿ, ಪಿನ್ನಿಗೆ ಬರೋಣ.

ಎಣ್ಣೆ ಒಂದು ರಾತ್ರಿ ಕೂತರೂ ಕೆಳಗೆ ಕದಲಲಿಲ್ಲ. ಆಗ ಗೇರ್‌ಬಾಕ್ಸ್ ಎಳೆಯೋದನ್ನು ಬಿಟ್ಟು ಸುಮ್ನೆ ಕೂತು ಆ ಬಾಯಿ ಬಿಟ್ಟ ಸಂದನ್ನೇ ನೋಡಿದೆ. ಮೇಲೆ ಆರು, ಕೆಳಗೆ ಸೊನ್ನೆ. ಅಂದರೆ ಕೆಳಗಿನ ಪಿನ್ ಅದರ ತೂತಿನಲ್ಲಿ ಓರೆಯಾಗಿ ನಿಂತಿದೆ. ಮೇಜಿನ ಡ್ರಾಯರನ್ನು ಒಂದೇ ಕಡೆ ಎಳೆದರೆ ಸಿಕ್ಕಿಕೊಳ್ಳುತ್ತದಲ್ಲ, ಅದೇ ಕತೆ. ಇನ್ನೂ ಎಳೆದಷ್ಟೂ ಪಿನ್ನಿನ ಅಂಚು ಅಲ್ಯೂಮಿನಿಯಮ್ಮಿಗೆ ಕಚ್ಚುತ್ತದೆ. ಎಳೆಯೋದಲ್ಲ, ಮೊದಲು ವಾಪಸ್ ತಳ್ಳಬೇಕು!

ತಳ್ಳಿದೆ. ಎರಡು ಬೋಲ್ಟ್ ವಾಪಸ್ ಹಾಕಿ ಮೇಲಿನ ಸಂದನ್ನು ಮುಚ್ಚಿದೆ. ಬಿಚ್ಚಿದ್ದನ್ನು ಮತ್ತೆ ಬಿಗಿಯೋದು ನೋಡಿ ತಮ್ಮ ಏನೂ ಮಾತಾಡದೆ ಕಾಫಿಗೆ ಹೋದ.

ಈಗ ಬೇಕಾಗಿರುವುದು ಎರಡೂ ಕಡೆ ಸಮನಾಗಿ, ಸ್ವಲ್ಪ ಸ್ವಲ್ಪವೇ ಅಗಲಿಸುವ ಸಾಧನ. ಎರಡು ಎಂ8 (8 ಮಿ.ಮೀ. ದಪ್ಪದ) ಬೋಲ್ಟು, ಎರಡು ಉದ್ದ ನಟ್ಟು ತೆಗೆದುಕೊಂಡೆ. ಬೋಲ್ಟನ್ನು ಪೂರ್ತಿ ನಟ್ಟಿನೊಳಗೆ ತಿರುಗಿಸಿ, ಎಂಜಿನ್ ಬ್ಲಾಕಿಗೂ ಬೆಲ್ ಹೌಸಿಂಗಿನಿಂದ ಹೊರಗೆ ಚಾಚಿದ ಕಿವಿಗೂ ಮಧ್ಯೆ ಮೊದಲೇ ಖಾಲಿ ಜಾಗ ಇರುವ ಕಡೆ ಇಟ್ಟೆ. ಒಂದು ಸ್ಟಾರ್ಟರ್ ಕೂರುವ ಜಾಗದಲ್ಲಿ, ಇನ್ನೊಂದು ಅದಕ್ಕೆ ಎದುರು ಕೆಳಗಡೆ. ಅಲ್ಯೂಮಿನಿಯಂ ಕಡೆ ದಪ್ಪ ತಗಡಿನ ತುಂಡು ಒತ್ತಾಗಿ ಕೊಡಬೇಕು, ಇಲ್ಲದಿದ್ದರೆ ಬೋಲ್ಟಿನ ತಲೆ ಅಲ್ಲೇ ಗುಳಿ ಮಾಡುತ್ತದೆ. ಬೋಲ್ಟನ್ನು ಹೊರಕ್ಕೆ ತಿರುಗಿಸಿದರೆ ಇದೇ ಒಂದು ಪುಟ್ಟ ಜಾಕ್. ಎಂ8ರ ಪಿಚ್, ಅಂದರೆ ಒಂದು ಪೂರ್ತಿ ಸುತ್ತಿಗೆ ಸರಿಯುವ ದೂರ, 1.25 ಮಿ.ಮೀ. ಆರು ಮೂಲೆಯ ತಲೆಯನ್ನು ಒಂದು ಮುಖದಷ್ಟು ತಿರುಗಿಸಿದರೆ 0.2 ಮಿ.ಮೀ. ಚಿಲ್ಲರೆ ಅಗಲುತ್ತದೆ. ಮೇಲೆ ಒಂದು ಮುಖ, ಕೆಳಗೆ ಒಂದು ಮುಖ. ಸಂದು ಎಷ್ಟಿದೆ ಅಂತ ನೋಡಲು ಡ್ರಿಲ್ ಬಿಟ್ಟುಗಳ ಹಿಂಭಾಗ ಸಾಕು, ನಾಲ್ಕು ಮೂಲೆಗೂ ಒಂದೇ ಬಿಟ್ಟು ತೂರಿದರೆ ನೇರ ಇದೆ ಅಂತ ಅರ್ಥ.

ಇಷ್ಟಾದರೂ ಕೆಳಗಿನದು ಬಿಗಿಯಾಗಿಯೇ ನಿಂತಿತು. ಆದರೆ ಈ ಸಲ ಬೋಲ್ಟಿನಲ್ಲಿ ಒತ್ತಡ ಹಾಗೇ ನಿಂತಿದೆ, ಅದು ಮುಖ್ಯ. ಇನ್ನು ಬಿಸಿ.

ಅಲ್ಯೂಮಿನಿಯಂ ಉಕ್ಕಿಗಿಂತ ಹೆಚ್ಚುಕಡಿಮೆ ಎರಡು ಪಟ್ಟು ಹಿಗ್ಗುತ್ತದೆ: ಒಂದು ಡಿಗ್ರಿಗೆ ದಶಲಕ್ಷದಲ್ಲಿ 23 ಭಾಗ, ಉಕ್ಕು 12. ಹನ್ನೆರಡು ಮಿ.ಮೀ. ಪಿನ್ ಅಂದುಕೊಂಡು 100 ಡಿಗ್ರಿ ಏರಿಸಿದರೆ ತೂತಿಗೂ ಪಿನ್ನಿಗೂ ಸಿಗುವ ವ್ಯತ್ಯಾಸ 0.013 ಮಿ.ಮೀ. ಅಷ್ಟೇನಾ ಅನ್ನಿಸುತ್ತದೆ. ಆದರೆ ಬಿಳಿ ಪುಡಿಯ ಹಿಡಿತ ಬಿರುಕು ಬಿಡಲು ಅಷ್ಟು ಸಾಕು. ಪಿನ್ ಬಿಸಿಯಾಗುವ ಮೊದಲು ಹೊರಗಿನ ಕಿವಿಯನ್ನಷ್ಟೇ ಬೇಗ ಕಾಯಿಸಿದರೆ ಇನ್ನೂ ಜಾಸ್ತಿ ಸಿಗುತ್ತದೆ. ಬೆಂಕಿ ಜ್ವಾಲೆ ಬೇಡ. ಎಸಿಟೋನ್ ಸುರಿದ ಜಾಗ, ಪಕ್ಕದಲ್ಲಿ ಪೆಟ್ರೋಲ್ ಪೈಪು. ನಾನು ಎಲ್ಲ ಒರೆಸಿ, ಪೈಪಿನ ಬಾಯಿ ಮುಚ್ಚಿ, ಷೆಡ್ಡಿನ ಬಾಗಿಲು ತೆರೆದಿಟ್ಟು ಮಾರನೇ ದಿನ ಹೀಟ್ ಗನ್ ಹಿಡಿದೆ. ಅದರ ಕಾಯಿಲ್ ಕೂಡ ಕೆಂಪಗೆ ಕಾಯುತ್ತದೆ, ಆವಿ ಇದ್ದರೆ ಅದಕ್ಕೂ ಬೆಂಕಿ ಹತ್ತುತ್ತದೆ. ಇನ್‌ಪುಟ್ ಶಾಫ್ಟಿನ ಸೀಲ್ ರಬ್ಬರ್, ಅದರ ಕಡೆಗೆ ಗಾಳಿ ತಿರುಗಿಸಬಾರದು.

ಕಿವಿಯ ಮೇಲೆ ಒಂದು ಹನಿ ನೀರು ಬಿಟ್ಟರೆ ಚುರ್ ಅಂದು ಹಾರುವವರೆಗೆ ಕಾಯಿಸಿದೆ. ಕೆಳಗಿನ ಬೋಲ್ಟಿಗೆ ಒಂದು ಮುಖ ಕೊಟ್ಟೆ. ಏನೂ ಇಲ್ಲ. ಮೇಲಿನದಕ್ಕೆ ಒಂದು ಮುಖ. ಮತ್ತೆ ಕೆಳಗಿನದಕ್ಕೆ ಸ್ಪ್ಯಾನರ್ ಹಾಕಿ ಒತ್ತುತ್ತಿರುವಾಗ ಟಕ್ ಅಂತು. ಕೈಯಲ್ಲಿನ ಸ್ಪ್ಯಾನರ್ ಸಡಿಲವಾಯ್ತು. ಬೋಲ್ಟ್ ಮುರಿಯಿತು ಅಂದುಕೊಂಡೆ. ಟಾರ್ಚ್ ಬಿಟ್ಟರೆ ಕೆಳಗೆ ಕಪ್ಪು ಗೆರೆ, ಅದರ ಅಂಚಿನಿಂದ ಬಿಳಿ ಪುಡಿ ಉದುರುತ್ತಿದೆ. ಒಂದು ಮಿಲಿಮೀಟರ್ ಬಿಟ್ಟು ಕೊಟ್ಟ ಮೇಲೆ ಎಣ್ಣೆಗೂ ದಾರಿ ಸಿಕ್ಕಿತು. ಆಮೇಲೆ ಹಿಂದೆ ಮುಂದೆ, ಹಿಂದೆ ಮುಂದೆ ಆಡಿಸುತ್ತಾ ಬಂದೆ.

ಪಿನ್ ಬಿಟ್ಟಿತು ಅಂತ ಅಲ್ಲೇ ಕೈ ಬಿಡಬಾರದು. ಇನ್‌ಪುಟ್ ಶಾಫ್ಟ್ ಇನ್ನೂ ಕ್ಲಚ್ ಪ್ಲೇಟಿನೊಳಗೆ ಇರುತ್ತದೆ. ಗೇರ್‌ಬಾಕ್ಸ್ ಭಾರ ಆ ಶಾಫ್ಟಿನ ಮೇಲೆ ಜೋತುಬಿದ್ದರೆ ಪ್ಲೇಟಿನ ನಡು ಸೊಟ್ಟಗಾಗುತ್ತದೆ. ತಮ್ಮ ಜಾಕ್ ಹಿಡಿದು ಕೂತ, ನಾನು ಕೊನೆಯ ತನಕ ನೇರ ಎಳೆದೆ. ಗೇರ್‌ಬಾಕ್ಸ್ ಕೆಳಗೆ ಇಳಿದು ಹಲಗೆಯ ಮೇಲೆ ಕೂತಿತು. ಎಂಜಿನ್ ಎತ್ತಿದ್ದು ಅದರ ಮುಂದೆ ಏನೂ ಅಲ್ಲ: ಮೌಂಟಿಂಗ್ ಬೋಲ್ಟು ಬಿಚ್ಚಿ, ಚೈನ್ ಎಳೆದು, ಮೂತಿ ಸ್ವಲ್ಪ ಮೇಲೆ ಮಾಡಿ, ಪಟ್ಟಿ ದಾಟಿಸಿ, ಗಾಡಿಯನ್ನೇ ಹಿಂದಕ್ಕೆ ತಳ್ಳಿದೆವು. ಎಂಜಿನ್ ತೂಗುತ್ತಿರುವಾಗ ಅಡಿಯಲ್ಲಿ ಕೈಕಾಲು ಯಾರದ್ದೂ ಇರಬಾರದು, ಮಕ್ಕಳನ್ನು ಮೊದಲೇ ಒಳಗೆ ಕಳಿಸಿದ್ದೆವು.

ಒಳಗೆ ಏನಿತ್ತು? ಕ್ರ್ಯಾಂಕಿನ ಹಿಂದಿನ ಸೀಲ್ ಹೋಗಿದೆ, ಜಿನುಗು ಅಲ್ಲಿಂದಲೇ. ಕ್ಲಚ್ ಪ್ಲೇಟಿನ ರಿವೆಟ್ಟಿಗೆ ಇನ್ನು ಉಗುರಿನಷ್ಟೂ ಲೈನಿಂಗ್ ಉಳಿದಿಲ್ಲ. ಫ್ಲೈವೀಲ್ ಮುಖ ಪರವಾಗಿಲ್ಲ, ಕೈ ಆಡಿಸಿದರೆ ಗೆರೆ ಸಿಗಲ್ಲ.

ಪುಣ್ಯಾತ್ಮ ಪಿನ್ ಗೇರ್‌ಬಾಕ್ಸ್ ಕಡೆಯೇ ಉಳಿದು, ಎಂಜಿನ್ ಕಡೆಯಿಂದ ಕಿತ್ತು ಬಂದಿದೆ. ತೂತು ಆರ್‌ಪಾರ್ ಇರುವುದರಿಂದ ಹಿಂದಿನಿಂದ ಅದೇ ಅಳತೆಯ ಕಡ್ಡಿ ಇಟ್ಟು, ಮತ್ತೆ ಕಾಯಿಸಿ, ಸಣ್ಣ ಸುತ್ತಿಗೆಯಲ್ಲಿ ತಟ್ಟಿದರೆ ಹೊರಗೆ ಬಂತು. ಒಂದು ಬದಿಯಲ್ಲಿ ಹೊಳಪು, ಇನ್ನೊಂದು ಬದಿಯಲ್ಲಿ ಬಿಳಿ ಹೊಪ್ಪಳೆ, ನಡುವೆ ತುಕ್ಕಿನ ಉಂಗುರ. ಅದನ್ನು ಮತ್ತೆ ಹಾಕಲ್ಲ. ತೂತನ್ನು ಬಟ್ಟೆ ಮತ್ತು ನಯ ಎಮರಿಯಲ್ಲಿ ಪುಡಿ ಹೋಗುವಷ್ಟೇ ಒರೆಸಿದ್ದೇನೆ, ಡ್ರಿಲ್ ಹಾಕಿ ದೊಡ್ಡದು ಮಾಡುವ ಕೆಲಸ ಯಾರೂ ಮಾಡಬೇಡಿ, ನೇರ ನಿಲ್ಲಿಸೋದೇ ಅದರ ಕೆಲಸ. ಹೊಸ ಪಿನ್ನಿಗೆ ತೆಳ್ಳಗೆ ಗ್ರೀಸ್ ಸವರಿ ಹಾಕುವುದು ಅಂತ ತೀರ್ಮಾನ.

ಹೊಸ ಪಿನ್ ಸಿಕ್ಕರೆ ತಾನೆ. ಕೇಳಿದ ಅಂಗಡಿಗಳಲ್ಲೆಲ್ಲ "ಅದನ್ನು ಯಾರು ಬದಲಾಯಿಸ್ತಾರೆ ಸಾರ್" ಅನ್ನುವುದೇ ಉತ್ತರ. ಹಳೇ ಗೇರ್‌ಬಾಕ್ಸ್ ಬಿಚ್ಚಿಟ್ಟುಕೊಂಡಿರುವವರು ಇಲ್ಲಿ ಯಾರಾದರೂ ಇದ್ದರೆ ಪಿನ್ನಿನ ಹೊರ ಅಳತೆ, ಉದ್ದ ಎರಡನ್ನೂ ಕ್ಯಾಲಿಪರ್‌ನಲ್ಲಿ ಅಳೆದು ಹೇಳಿ, ನನ್ನದು ಸವೆದಿರುವುದರಿಂದ ಅದರ ಅಳತೆ ನಂಬುವ ಹಾಗಿಲ್ಲ. ಸಿಗದಿದ್ದರೆ ಲೇತ್‌ನಲ್ಲಿ ಮಾಡಿಸುತ್ತೇನೆ. ಗ್ಯಾಸ್ಕೆಟ್ ಸೆಟ್ ವಾಪಸ್ ಹೋಗಿದೆ, ಮಂಚ ಇನ್ನೂ ಅಟ್ಟದ ಮೇಲೇ ಇದೆ. ಮುಂದಿನ ಸಲ ಹೆಡ್ ಬಿಚ್ಚುತ್ತೇನೆ.